ದೊಣ್ಣೆಫೋನಿನ ಮೊದಲ ಮಾತು

ಬುಡಾಪೆಸ್ಟಿನ ಎಂಟನೇ ವಾರ್ಡಿನಲ್ಲಿ ಯಾರಾದರೂ ಬೀಗದ ಕೈಯನ್ನು ಒಳಗೇ ಮರೆತು ಬಾಗಿಲು ಎಳೆದುಕೊಂಡರೆ ಮೊದಲು ಹಣೆ ಚಚ್ಚಿಕೊಳ್ಳುತ್ತಿದ್ದರು, ಆಮೇಲೆ ಡೆಜೋಗೆ ಹೇಳಿಕಳಿಸುತ್ತಿದ್ದರು. ಡೆಜೋ ಬೀಗದವನು. ಎರಡು ತಂತಿ ಹಿಡಿದು ಬಗ್ಗಿದನೆಂದರೆ ಎಂಥ ಹಠಮಾರಿ ಬಾಗಿಲೂ ತೆರೆದುಕೊಳ್ಳುತ್ತಿತ್ತು. ಮನುಷ್ಯ ಕೆಟ್ಟವನೇನಲ್ಲ. ಬಾಯಿ ಮಾತ್ರ ಸ್ವಲ್ಪ ಸಡಿಲ. ಎದುರಿಗೆ ನಗುವವರು ಇಬ್ಬರು ಸಿಕ್ಕರೆ ಸಾಕು, ಮೂರನೆಯವರ ಮಾನ ಏನಾಯಿತು ಎಂಬ ಖಬರು ಅವನಿಗಿರುತ್ತಿರಲಿಲ್ಲ.

ಅವನ ಮನೆಯಲ್ಲಿ ಫೋನಿರಲಿಲ್ಲ. ಅರ್ಜಿ ಹಾಕಿ ಹದಿನಾರು ವರ್ಷವಾಗಿತ್ತು. ಅರ್ಜಿ ಹಾಕಿದ ವರ್ಷ ಶಾಲೆಗೆ ಸೇರಿದ ಮಗಳು ಎನಿಕೋ ಈಗ ಮದುವೆಯಾಗಿ, ದೂರದ ಪೇಚ್ ಪಟ್ಟಣದಲ್ಲಿ ತುಂಬು ಗರ್ಭಿಣಿ. ಫೋನಿನ ಸುಳಿವೇ ಇಲ್ಲ. ಕಮ್ಯುನಿಸ್ಟರ ಸರ್ಕಾರವೇ ಹೋಗಿ ಬೇರೆ ಬಂತು, ಬೀದಿಯ ಹೆಸರು ಬದಲಾಯಿತು, ಅರ್ಜಿ ಮಾತ್ರ ಎಲ್ಲಿ ಮಲಗಿತ್ತೋ ಅಲ್ಲೇ ಮಲಗಿತ್ತು.

ವಠಾರಕ್ಕೆಲ್ಲ ಇದ್ದದ್ದು ಒಂದೇ ಫೋನು, ಎತೆಲ್ಕಮ್ಮನ ಅಡುಗೆಮನೆಯಲ್ಲಿ. ವಠಾರವೆಂದರೆ ನಡುವೆ ಅಂಗಳ, ಸುತ್ತ ನಾಲ್ಕು ಅಂತಸ್ತು, ಪ್ರತಿ ಅಂತಸ್ತಿಗೂ ಕಬ್ಬಿಣದ ಕಟಾಂಜನವಿರುವ ಉದ್ದನೆಯ ಪಡಸಾಲೆ. ಡೆಜೋನ ಕಿಟಕಿಗೆ ಎದುರು ಬದಿಯಲ್ಲಿ, ಅದೇ ಅಂತಸ್ತಿನಲ್ಲಿ ಎತೆಲ್ಕಮ್ಮನ ಕಿಟಕಿ. ಅವಳ ಗಂಡ ಆಂಬ್ಯುಲೆನ್ಸ್ ಓಡಿಸುತ್ತಿದ್ದ. ಹೊತ್ತಲ್ಲದ ಹೊತ್ತಿನಲ್ಲಿ ಕರೆ ಬರುವ ಕೆಲಸವೆಂದು ಅವನಿಗೆ ಫೋನು ಕೊಟ್ಟಿದ್ದರು. ಒಂದು ಚಳಿಗಾಲ ಆ ಪುಣ್ಯಾತ್ಮ ಗಾಡಿಯಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಫೋನನ್ನು ಕೀಳಲು ಯಾರೂ ಬರಲಿಲ್ಲ. ಇದು ವಠಾರದಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಡೆಜೋಗಂತೂ ಚೆನ್ನಾಗಿ ಗೊತ್ತಿತ್ತು, ಹೆಣಕ್ಕೆ ಹೆಗಲು ಕೊಟ್ಟವನು ಅವನು.

ಯಾರಿಗೆ ಫೋನು ಬಂದರೂ ಎತೆಲ್ಕಮ್ಮ ರಿಸೀವರನ್ನು ಕಸೂತಿ ಬಟ್ಟೆಯ ಮೇಲೆ ಮಲಗಿಸಿ, ಮನೆಚಪ್ಪಲಿ ಎಳೆದುಕೊಂಡು ಪಡಸಾಲೆ ಸುತ್ತಿ ಬರುತ್ತಿದ್ದಳು. "ಡೆಜೋ, ಮಗಾ, ನಿಂಗೆ ಫೋನು!" ದಾರಿಯಲ್ಲೇ ವಿಷಯವೆಲ್ಲ ಹೇಳಿ ಮುಗಿಸುತ್ತಿದ್ದಳು. ಅವನ ಅಪ್ಪ ಸತ್ತ ಸುದ್ದಿಯನ್ನೂ, ಎನಿಕೋಗೆ ಕಾಲೇಜು ಸಿಕ್ಕ ಸುದ್ದಿಯನ್ನೂ ಡೆಜೋ ಕೇಳಿದ್ದು ಅವಳ ಬಾಯಿಂದಲೇ. ಅವನು ಮಾತಾಡುವಾಗ ಅವಳು ಪಕ್ಕದ ಸ್ಟೂಲಿನಲ್ಲಿ ಹೆಣಿಗೆ ಹಿಡಿದು ಕೂತಿರುತ್ತಿದ್ದಳು, ಎದ್ದು ಹೋಗುವ ಮಾತೇ ಇಲ್ಲ. ಮಾತು ಮುಗಿದ ಮೇಲೆ ರಿಸೀವರು ಅವಳ ಕೈಗೇ ಹೋಗಬೇಕು. ಆ ಕಡೆಯವರು ಇಟ್ಟ ಟೂಂ ಟೂಂ ಸದ್ದು ಕೇಳುವ ತನಕ ಇಡುತ್ತಿರಲಿಲ್ಲ. "ಪಾಪ, ಕೊನೇ ಮಾತೊಂದು ಉಳಿದಿದ್ರೆ? ನಾವು ಮೊದ್ಲು ಇಡಬಾರದಪ್ಪ" ಎನ್ನುತ್ತಿದ್ದಳು.

ವಠಾರದ ಬಾಗಿಲಲ್ಲಿ ಡೆಜೋನ ಬೋರ್ಡಿತ್ತು. ಅದರಲ್ಲಿ ಹೆಸರು ಅವನದು, ಫೋನ್ ನಂಬರು ಅವಳದು. ಗಿರಾಕಿಗಳ ವಿಳಾಸ ಕೇಳಿ ಮುಟ್ಟಿಸಿದವಳು ಅವಳು. ಇಷ್ಟು ವರ್ಷ ಅವನ ಮನೆಯ ಒಲೆ ಉರಿದದ್ದರಲ್ಲಿ ಅವಳ ಚಪ್ಪಲಿ ಸವೆದದ್ದೂ ಸೇರಿತ್ತು. ಡೆಜೋ ಅದನ್ನು ಹಾಗೆ ನೋಡಲಿಲ್ಲ. ನನ್ನ ಬದುಕಿನ ಸುದ್ದಿಯೆಲ್ಲ ಮೊದಲು ಆ ಮುದುಕಿಯ ಕಿವಿ ಸೇರಿ ಆಮೇಲೆ ನನಗೆ ಬರುತ್ತದಲ್ಲ ಎಂಬ ಕಿರಿಕಿರಿ ಅವನಿಗೆ.

ತೊಂಬತ್ತೆರಡರ ಚಳಿಗಾಲದ ಮೊದಲಿಗೆ ಅವನು ಕೈಯಲ್ಲಿ ಹಿಡಿಯುವ ಫೋನು ತಂದ. ಇಟ್ಟಿಗೆಯಷ್ಟು ಉದ್ದ, ತಲೆಗೊಂದು ಕೊಂಬು. ಊರಿನವರು ಅದನ್ನು ದೊಣ್ಣೆಫೋನು ಎಂದೇ ಕರೆಯುತ್ತಿದ್ದರು. ಅಂಗಡಿಯವನು ಒಂದೊಂದೇ ಗುಂಡಿ ಒತ್ತಿಸಿ ಪಾಠ ಹೇಳಿದ. ಹಸಿರು ಒತ್ತಿದರೆ ಮಾತು ಶುರು, ಕೆಂಪು ಒತ್ತಿದರೆ ಮುಗೀತು, ಕೆಂಪು ಒತ್ತುವುದನ್ನು ಮಾತ್ರ ಮರೆಯಬೇಡಿ. "ಆಯ್ತಾಯ್ತು ಮಾರಾಯ, ಬೀಗ ತೆಗೆಯೋನಿಗೆ ಗುಂಡಿ ಒತ್ತೋದು ಹೇಳ್ಕೊಡ್ತೀಯಾ?" ಎಂದ ಡೆಜೋ. ಮನೆಗೆ ತಂದು ರಾತ್ರಿಯಿಡೀ ಕರೆಂಟಿಗೆ ಸಿಕ್ಕಿಸಿದ. ಬೆಳಿಗ್ಗೆ ಅದನ್ನು ಎತ್ತಿಕೊಂಡು ಮನೆಯ ಮೂಲೆಮೂಲೆ ತಿರುಗಿ, ಅಂಗಳದ ಕಡೆಯ ಕಿಟಕಿಯ ಬಳಿ, ಅದೂ ಕಿಟಕಿ ತೆರೆದರೆ ಮಾತ್ರ ಸಿಗ್ನಲ್ಲು ಸಿಗುತ್ತದೆಂದು ಕಂಡುಕೊಂಡು ಊಟದ ಮೇಜನ್ನೇ ಅಲ್ಲಿಗೆ ಎಳೆದ. ಬೋರ್ಡಿನಲ್ಲಿದ್ದ ಎತೆಲ್ಕಮ್ಮನ ನಂಬರನ್ನು ಕೆರೆದು ತೆಗೆದು ತನ್ನ ನಂಬರು ಬರೆದ. ಎನಿಕೋಗೂ ಹೊಸ ನಂಬರು ಹೋಯಿತು. ಹೆರಿಗೆಯಾದ ತಕ್ಷಣ ಇದಕ್ಕೇ ಫೋನು ಮಾಡಬೇಕು, ಮೊಮ್ಮಗುವಿನ ಸುದ್ದಿ ಮೊದಲು ಕೇಳುವವನು ನಾನಾಗಬೇಕು ಎಂದು ಅವನ ತಾಕೀತು.

ಭಾನುವಾರ ಹೆಂಡತಿಯ ತಮ್ಮ ಝಿಗಾ ಬಂದಿದ್ದ, ಮೇಲಿನ ಅಂತಸ್ತಿನ ಕಾಲ್ಮಾನ್ ಇಳಿದು ಬಂದಿದ್ದ. ವೈನಿಗೆ ಸೋಡಾ ಬೆರೆಸಿ ಸುರಿದದ್ದಾಗಿತ್ತು. ಹೆಂಡತಿ ಇಲ್ಡಿಕೋ ಉಪ್ಪು ಬಿಸ್ಕತ್ತು ಸುಡುತ್ತಿದ್ದಳು.

"ಮೊದಲ್ನೇ ಫೋನು ಯಾರಿಗೆ ಭಾವ? ಪ್ರಧಾನಮಂತ್ರಿಗಾ?" ಎಂದ ಝಿಗಾ.

"ಎತೆಲ್ಕಮ್ಮಂಗೇ ಮಾಡ್ರೀ" ಎಂದಳು ಇಲ್ಡಿಕೋ ಒಲೆಯ ಬಳಿಯಿಂದ. "ಇಷ್ಟು ವರ್ಷ ನಮಗೋಸ್ಕರ ಓಡಾಡಿದಾರೆ."

ಡೆಜೋ ಕೊಂಬು ಎಳೆದು, ನಂಬರು ಒತ್ತಿ, ಹಸಿರು ಗುಂಡಿ ಒತ್ತಿದ. ಎದುರು ಕಿಟಕಿಯಲ್ಲಿ ಎತೆಲ್ಕಮ್ಮ ರಿಸೀವರು ಎತ್ತಿದ್ದು ಕಂಡಿತು.

"ಎತೆಲ್ಕಮ್ಮಾ, ನಾನು ಡೆಜೋ! ಕಿಟಕೀಲಿ ನೋಡಿ, ಇಲ್ಲಿ!" ಎಂದು ಕೂಗಿ ಕೈ ಬೀಸಿದ.

ಅವಳೂ ಮಗುವಿನ ಹಾಗೆ ಕೈ ಬೀಸಿದಳು. "ಅಯ್ಯೋ ನನ್ನ ರಾಜ! ತಂತಿಯೇ ಇಲ್ವಲ್ಲೋ! ಚೆನ್ನಾಗಿ ಬಾಳು ಮಗಾ. ಇನ್ನು ನನ್ನ ಚಪ್ಪಲಿಗೂ ಸ್ವಲ್ಪ ಆರಾಮ."

"ಹ್ಞೂಂ ಹ್ಞೂಂ, ಇನ್ನು ನಿಮಗೆ ತೊಂದರೆ ಇಲ್ಲ ಬಿಡಿ" ಎಂದು ಡೆಜೋ ಫೋನನ್ನು ಮೇಜಿನ ಮೇಲಿಟ್ಟ. ಜೀವಮಾನವೆಲ್ಲ ಅವನು ಕಂಡ ಫೋನು ಕೆಳಗಿಟ್ಟರೆ ಮುಗಿಯುವಂಥದು. ಕೆಂಪು ಗುಂಡಿಯ ನೆನಪು ಅವನಿಗೆಲ್ಲಿ? ಇಟ್ಟ, ಕಿಟಕಿಗೆ ಬೆನ್ನು ಹಾಕಿ ಗ್ಲಾಸು ಎತ್ತಿಕೊಂಡ.

"ಪಾಪ ಕಣೋ, ಮುದುಕಿಗೆ ಇನ್ನು ಹೊತ್ತು ಹೋಗೋದು ಹೆಂಗೆ?" ಎಂದ ಕಾಲ್ಮಾನ್.

"ಬೇರೆ ಯಾರ ಮನೆ ಸುದ್ದಿಗಾದ್ರೂ ಕಿವಿ ಕೊಡ್ತಾಳೆ!" ಡೆಜೋ ಎದ್ದು ನಿಂತ. ಸೊಂಟ ಬಗ್ಗಿಸಿ, ಚಪ್ಪಲಿ ಎಳೆಯುತ್ತಾ ಮೇಜಿನ ಸುತ್ತ ನಡೆದ. "ಡೆಜೋ, ಮಗಾ, ನಿಂಗೆ ಫೋನು! ನಿಮ್ಮಪ್ಪ ಸತ್ತ, ನಿನ್ನ ಗಿರಾಕಿ ಹೆಂಡ್ತಿ ಓಡಿಹೋದ್ಲು, ಎಲ್ಲಾ ಕೇಳಿದೀನಿ, ನೀನು ಬರದಿದ್ರೂ ನಡಿಯುತ್ತೆ!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ಝಿಗಾ ಕಣ್ಣೊರೆಸಿಕೊಳ್ಳುತ್ತಾ ಕೇಳಿದ: "ಅಲ್ಲ ಭಾವ, ಆ ಕಾಲದಲ್ಲಿ ದೊಡ್ಡ ದೊಡ್ಡೋರಿಗೇ ಫೋನು ಸಿಗ್ತಿರಲಿಲ್ಲ. ಈಯಮ್ಮಂಗೆ ಹೆಂಗೆ ಸಿಕ್ತು?"

ಇಲ್ಲಿ ಡೆಜೋ ನಿಜ ಹೇಳಬಹುದಿತ್ತು. ಒಂದೇ ಮಾತು. ಆದರೆ ನಿಜಕ್ಕೆ ಯಾರು ನಗುತ್ತಾರೆ?

"ಅಷ್ಟೂ ತಿಳಿಯಲ್ವೇನೋ? ಆಗಿನ ಗುಪ್ತ ಪೊಲೀಸರು ಸುಮ್ನೆ ಕೊಡ್ತಿದ್ರಾ? ಯಾರು ಏನು ಮಾತಾಡಿದ್ರು ಅಂತ ಮುಟ್ಟಿಸೋಕೆ ಕೊಟ್ಟಿದ್ದು! ಸ್ಟೂಲ್ ಮೇಲೆ ಕೂತು ಹೆಣೀತಾಳಲ್ಲ, ಅದು ಸ್ವೆಟರ್ ಅಂದ್ಕೊಂಡ್ಯಾ? ನಮ್ಮ ಒಂದೊಂದು ಮಾತಿಗೂ ಒಂದೊಂದು ಗಂಟು ಹಾಕ್ಕೊಳ್ತಿದ್ಲು!"

ಆ ಊರಿನಲ್ಲಿ, ಆ ವರ್ಷಗಳಲ್ಲಿ, ಒಬ್ಬರನ್ನು ಬೇಹಿನವಳು ಎನ್ನುವುದೆಂದರೆ ಕಳ್ಳಿ ಎನ್ನುವುದಕ್ಕಿಂತ ಕಡೆ. ಝಿಗಾ ಮೇಜು ಕುಟ್ಟಿ ನಕ್ಕ.

ಬಿಸ್ಕತ್ತಿನ ತಟ್ಟೆ ಹಿಡಿದು ಬಂದ ಇಲ್ಡಿಕೋ ನಗಲಿಲ್ಲ. ಅವಳು ಕಿಟಕಿಯಾಚೆ ನೋಡುತ್ತಿದ್ದಳು. "ರೀ..." ಎಂದಳು. "ಎತೆಲ್ಕಮ್ಮ ಇನ್ನೂ ಕಿವಿಗೆ ಇಟ್ಕೊಂಡೇ ನಿಂತಿದಾರೆ."

ಡೆಜೋ ತಿರುಗಿದ. ಎದುರು ಕಿಟಕಿಯಲ್ಲಿ ಮುದುಕಿ ರಿಸೀವರು ಹಿಡಿದು ನಿಂತೇ ಇದ್ದಳು. ಆ ಕಡೆಯವನು ಮೊದಲು ಇಡಲಿ ಎಂದು ಕಾಯುತ್ತಿದ್ದಳು. ಅವನು ತನ್ನನ್ನು ನೋಡಿದ್ದು ಅವಳಿಗೂ ಕಂಡಿತು. ಆಮೇಲೆ, ಅಷ್ಟು ವರ್ಷಗಳಲ್ಲಿ ಮೊದಲ ಸಲ, ತಾನೇ ಮೊದಲು ಇಟ್ಟಳು. ಡೆಜೋನ ಮೇಜಿನ ಮೇಲೆ ಫೋನು ಟೂಂ ಟೂಂ ಎಂದು ಬಡಿದುಕೊಳ್ಳತೊಡಗಿತು.

ಕಾಲ್ಮಾನ್ ಗ್ಲಾಸನ್ನು ಅರ್ಧಕ್ಕೇ ಬಿಟ್ಟು, ಅಂಗಿಯ ಗುಂಡಿ ಹಾಕಿಕೊಂಡು ಹೊರಟುಹೋದ. ಝಿಗಾ, "ಕೇಳಿಸಿರಲ್ಲ ಬಿಡು ಭಾವ, ವಯಸ್ಸಾಗಿದೆ" ಎಂದ. ಅದನ್ನು ಅವನೇ ನಂಬಲಿಲ್ಲ.

ಡೆಜೋಗೆ ಮುಖವೆಲ್ಲ ಕೆಂಡವಾಯಿತು. ಫೋನು ಎತ್ತಿಕೊಂಡು ತಡಕಾಡಿದರೂ ಕೆಂಪು ಗುಂಡಿ ಕೂಡಲೇ ಸಿಗಲಿಲ್ಲ.

"ಈಗ್ಲೇ ಹೋಗಿ ತಪ್ಪಾಯ್ತು ಅನ್ನಿ" ಎಂದಳು ಇಲ್ಡಿಕೋ. "ಹೋಗ್ರೀ! ಆ ಪುಣ್ಯಾತ್ಮನ ಹೆಣ ಹೊತ್ತೋರು ನೀವು. ನಿಮ್ಮ ನಾಲಿಗೆಗೆ ಏನು ಬಂದಿತ್ತು?"

ಹೋದ. ಪಡಸಾಲೆ ಸುತ್ತಿ ಅವಳ ಬಾಗಿಲ ತನಕ ಹೋದ. ಬಾಗಿಲಿನ ಗಾಜಿನಿಂದ ಒಳಗೆ ಸ್ಟೂಲು ಕಾಣುತ್ತಿತ್ತು, ಸ್ಟೂಲಿನ ಮೇಲೆ ಹಳದಿ ಉಣ್ಣೆಯ ಹೆಣಿಗೆ. ಸ್ವೆಟರೇ ಅದು. ತೋಳು ಎರಡು ಬೆರಳಿನಷ್ಟು ಉದ್ದ. ಇನ್ನೂ ಹುಟ್ಟದ ಅವನ ಮೊಮ್ಮಗುವಿಗೆ ಹೆಣೆಯುತ್ತಿದ್ದದ್ದು. ಡೆಜೋನ ಎತ್ತಿದ ಕೈ ಹಾಗೇ ಕೆಳಗಿಳಿಯಿತು. ಊರಿನ ಅರ್ಧ ಬಾಗಿಲು ತೆರೆದವನು ಆ ಬಾಗಿಲು ತಟ್ಟಲಾರದೆ, ಥೂ ನನ್ನ ಜನ್ಮಕ್ಕಿಷ್ಟು ಎಂದು ಬಾಯೊಳಗೇ ಅಂದುಕೊಂಡು ಹಿಂದಿರುಗಿದ.

ಫೋನು ಕಣ್ಣಿಗೆ ಬೀಳುವುದೇ ಬೇಡವಾಯಿತು. ಅದನ್ನು ಆಫ್ ಮಾಡಿ, ಸಾಮಾನಿನ ಚೀಲದ ತಳಕ್ಕೆ ತುರುಕಿದ. ಎನಿಕೋ ಫೋನು ಮಾಡಿದರೆ ಗತಿಯೇನು ಎಂದು ಇಲ್ಡಿಕೋ ಕೇಳಿದಾಗಲೆಲ್ಲ, "ದಿನ ತುಂಬೋಕೆ ಇನ್ನೂ ಟೈಮಿದೆ ಕಣೇ, ನಾಳೆ ಹಚ್ತೀನಿ" ಎನ್ನುತ್ತಿದ್ದ. ಮರುದಿನವೂ ಅದೇ ಮಾತು. ಬೋರ್ಡಿನ ಕೆಳಗೆ ಹೋಗುವಾಗ ತಲೆ ಎತ್ತುತ್ತಿರಲಿಲ್ಲ. ಎದುರು ಕಿಟಕಿಗೆ ಪರದೆ ಬಿದ್ದಿತ್ತು. ಅವಳು ಯಾರಲ್ಲೂ ಒಂದು ಮಾತು ಆಡಲಿಲ್ಲ. ಬೈದಿದ್ದರೆ, ಅಂಗಳದಲ್ಲಿ ನಿಂತು ಅವನ ಜನ್ಮ ಜಾಲಾಡಿದ್ದರೆ ಅವನಿಗೆ ಒಂದಿಷ್ಟು ಉಸಿರಾಡಲು ಆಗುತ್ತಿತ್ತು.

ಆ ವಾರವೇ ಒಂದು ಮಧ್ಯಾಹ್ನ. ಇಲ್ಡಿಕೋ ಕೆಲಸಕ್ಕೆ ಹೋಗಿದ್ದಳು, ಡೆಜೋ ಸೂಪಿನ ಮುಂದೆ ಕೂತಿದ್ದ. ಪಡಸಾಲೆಯಲ್ಲಿ ಚಪ್ಪಲಿ ಎಳೆಯುವ ಸದ್ದು. ಅವನ ಚಮಚ ಅಲ್ಲೇ ನಿಂತಿತು.

ಬಾಗಿಲಲ್ಲಿ ಎತೆಲ್ಕಮ್ಮ. "ಡೆಜೋ ಅವರೇ, ನಿಮಗೆ ಫೋನು ಬಂದಿದೆ. ಪೇಚ್‌ನಿಂದ" ಎಂದಳು. ಅಷ್ಟೇ. ತಿರುಗಿ ನಡೆದಳು.

ಅವನು ಹಿಂದೆ ಹೋದ. ದಾರಿಯಲ್ಲಿ ಅವಳು ಏನೂ ಹೇಳಲಿಲ್ಲ. ಗಂಡೋ ಹೆಣ್ಣೋ, ತಾಯಿ ಹೇಗಿದ್ದಾಳೆ, ಒಂದೂ ಇಲ್ಲ. ಅಡುಗೆಮನೆಯಲ್ಲಿ ರಿಸೀವರು ಎಂದಿನಂತೆ ಕಸೂತಿ ಬಟ್ಟೆಯ ಮೇಲೆ ಮಲಗಿತ್ತು. ಎತೆಲ್ಕಮ್ಮ ಸ್ಟೂಲಿನ ಕಡೆ ಹೋಗಲಿಲ್ಲ. ಮೊಳೆಗೆ ನೇತುಹಾಕಿದ್ದ ಶಾಲು ತೆಗೆದು ಹೊದ್ದು, ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಗಾಜಿನಾಚೆ, ಕೊರೆಯುವ ಚಳಿಯಲ್ಲಿ, ಅವನಿಗೆ ಬೆನ್ನು ಹಾಕಿ ಕಟಾಂಜನದ ಬಳಿ ನಿಂತಳು.

"ಅಪ್ಪಾ! ಎಲ್ಲಿ ಹೋಗಿದ್ರಿ?" ಎನಿಕೋಳ ದನಿ. "ನಿನ್ನೇನೇ ಹೆರಿಗೆ ಆಯ್ತು. ಹೆಣ್ಣು ಮಗು. ನಿಮ್ಮ ಹೊಸ ಫೋನಿಗೆ ಮಾಡಿ ಮಾಡಿ ಇವರಿಗೆ ಸಾಕಾಯ್ತು, ಸಿಗೋದೇ ಇಲ್ಲ!"

"ಅದು... ಕೆಟ್ಟಿದೆಯಮ್ಮ. ನೀನು ಹೇಗಿದೀಯ?"

"ಚೆನ್ನಾಗಿದೀನಿ. ಎದ್ದು ನಾನೇ ಬಂದು ಮಾತಾಡ್ತಿದೀನಲ್ಲ! ಅಪ್ಪಾ, ಎತೆಲ್ಕಮ್ಮಂಗೆ ಏನಾಗಿದೆ? ಹೇಳೋಕೆ ಹೋದ್ರೆ 'ಬೇಡ ಮರಿ, ನಂಗೆ ಹೇಳ್ಬೇಡ, ಮೊದ್ಲು ನಿಮ್ಮಪ್ಪನ ಕಿವಿಗೆ ಬೀಳಲಿ' ಅಂದ್ರು. ಯಾವತ್ತೂ ಹಾಗಂದೋರಲ್ಲ."

ಡೆಜೋಗೆ ಹಂಬಲಿಸಿದ್ದು ಸಿಕ್ಕಿತ್ತು. ಸುದ್ದಿ ಮೊದಲು ಅವನ ಕಿವಿಗೇ ಬಿದ್ದಿತ್ತು.

"ಅವರಿಗೆ ಕೊಡಿ ಅಪ್ಪಾ, ನಾನೇ ಹೇಳ್ತೀನಿ. ಪಕ್ಕದಲ್ಲೇ ಕೂತಿರ್ತಾರಲ್ಲ."

"ಇಲ್ಲಮ್ಮ" ಎಂದ. "ಹೊರಗಿದಾರೆ. ಕರೀತೀನಿ, ಇರು."

ರಿಸೀವರನ್ನು ಕಸೂತಿ ಬಟ್ಟೆಯ ಮೇಲೆ ಮಲಗಿಸಿ ಬಾಗಿಲು ತೆಗೆದ. ಮುದುಕಿ ತಿರುಗಿದಳು. ಮೂಗು ಚಳಿಗೆ ಕೆಂಪಾಗಿತ್ತು.

"ಮುಗೀತಾ?"

"ಇಲ್ಲ. ಎನಿಕೋ ನಿಮ್ಮನ್ನ ಕೇಳ್ತಿದಾಳೆ. ಎತೆಲ್ಕಮ್ಮಾ, ನಾನು ಅವತ್ತು... ನಂಗೆ ನಾಚಿಕೆಯಾಗ್ತಿದೆ. ನಿಮ್ಮ ಮುಖ ನೋಡೋಕಾಗ್ತಿಲ್ಲ."

"ಹುಡುಗಿ ನಿಂತ್ಕೊಂಡು ಕಾಯ್ತಿದಾಳೆ" ಎಂದು ಅವಳು ಅವನನ್ನು ಸುತ್ತಿಕೊಂಡು ಒಳಗೆ ಹೋದಳು. "ಎನಿಕೋ, ನನ್ನ ಚಿನ್ನ!" ಎಂದದ್ದು ಅವಳ ಹಳೆಯ ದನಿಯೇ.

ಡೆಜೋ ಹೊರಗೆ ನಿಂತು ಬಾಗಿಲು ಎಳೆದುಕೊಂಡ. ಮೈಮೇಲೆ ಬರೀ ಅಂಗಿ. ಮೇಲಿನ ಅಂತಸ್ತಿನಿಂದ ಕಾಲ್ಮಾನ್ ಬಗ್ಗಿ ನೋಡಿದ. ಡೆಜೋ ಅಲ್ಲಾಡಲಿಲ್ಲ. ವಠಾರವೆಲ್ಲ ನೋಡಿದರೂ ನೋಡಲಿ ಎಂದು ನಿಂತ.

ಗಾಜಿನಾಚೆ ಎತೆಲ್ಕಮ್ಮ ನಕ್ಕಳು, ಸೆರಗಿನಂತೆ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡಳು, ಏನೋ ಕೇಳಿದಳು, ಮತ್ತೆ ನಕ್ಕಳು. ಮಾತು ಮುಗಿದ ಮೇಲೂ ರಿಸೀವರು ಕಿವಿಯಲ್ಲೇ ಇತ್ತು. ಆ ಕಡೆಯ ಸದ್ದಿಗೆ ಕಾದು, ಆಮೇಲೆ ಇಟ್ಟಳು. ಸ್ಟೂಲಿನಿಂದ ಹಳದಿ ಹೆಣಿಗೆ ಎತ್ತಿಕೊಂಡು ಕೂತಳು. ಬಾಗಿಲ ಕಡೆ ನೋಡಲಿಲ್ಲ. ಡೆಜೋ ಕೈ ಎತ್ತಿ ಗಾಜು ತಟ್ಟಿದ, ಅವಳು ಆ ಸಾಲು ಹೆಣೆದು ಮುಗಿಸುವವರೆಗೂ ಅಲ್ಲೇ ಕಾದು ನಿಂತ.