ಹಳದಿ ಕವರಿನ ಹೆಣ್ಣುಮಗಳು

ಕೊಗನೊಳ್ಳಿಯ ಜ್ಞಾನದೇವ ಸರಕಾರಿ ಬಸ್ಸಿನ ಕಂಡಕ್ಟರ್. ಬಸ್ಸು ಸ್ಟ್ಯಾಂಡಿನಲ್ಲಿ ನಿಂತರೆ ಉಳಿದ ಕಂಡಕ್ಟರುಗಳು ಚಹಾದಂಗಡಿ ಹಾದಿ ಹಿಡಿಯುತ್ತಿದ್ದರು, ಈತ ಸೀದಾ ಸಿಡಿ ಅಂಗಡಿಗೆ. ಎರಡು ಸಾವಿರದ ಮೂರು-ನಾಲ್ಕನೇ ಇಸವಿಯ ಮಾತು. ಆಗ ರಾಯಬಾಗದಲ್ಲಿ ಇಳಿಯಿರಿ, ಅಥಣಿಯಲ್ಲಿ ಇಳಿಯಿರಿ, ಕಾಗವಾಡದಲ್ಲಿ ಇಳಿಯಿರಿ, ಸ್ಟ್ಯಾಂಡಿನ ಬಾಯಲ್ಲೇ ಒಂದು ಸಿಡಿ ಅಂಗಡಿ. ಡೊಳ್ಳಿನ ಪದ, ಭಜನೆ, ಸಣ್ಣಾಟ, ಮರಾಠಿ ನಗೆನಾಟಕ, ಎಲ್ಲದರ ಕವರೂ ಒಣಹಾಕಿದ ಅರಿವೆಯ ಹಾಗೆ ಒಂದೇ ಹಗ್ಗಕ್ಕೆ ತೂಗುತ್ತಿದ್ದವು.

ಜ್ಞಾನದೇವ ಹಾಡು ಹೇಗಿವೆ ಎಂದು ಕೇಳಿದವನಲ್ಲ. "ಡಬ್ಬಿ ತಗೀರಿ ಸ್ವಲ್ಪ" ಅನ್ನುವವನು. ತೆಗೆದುಕೊಟ್ಟ ಡಬ್ಬಿಯನ್ನು ಬದನೆಕಾಯಿ ಆರಿಸುವ ಹೆಂಗಸಿನ ಹಾಗೆ ತಿರುಗಿಸಿ ಮುರುಗಿಸಿ ನೋಡುವನು. ಬಣ್ಣ ಅಂಚಿಗೆ ಹರಿದಿದೆಯೋ, ಬೆನ್ನಿನ ಮೇಲೆ ಹೆಸರು ನೆಟ್ಟಗಿದೆಯೋ, ಒಳಗೆ ಸಿಡಿ ಕಚ್ಚಿ ಹಿಡಿಯುವ ನಡುವಿನ ಹಲ್ಲು ಮುರಿದು ಗಲಗಲ ಅನ್ನುತ್ತದೆಯೋ. ಬರೀ ಪ್ಲಾಸ್ಟಿಕ್ ಚೀಲದಲ್ಲಿ ಸಿಡಿ ಹಾಕಿ ಕೊಟ್ಟರೆ ಅವನಿಗೆ ಸಿಟ್ಟು. "ಕೂಸಿಗೆ ಅರಿವಿ ಹಾಕದ ಸಂತಿಗೆ ಕರಕೊಂಡ ಬಂದಂಗಾತಲ್ರಿ ಇದು" ಅನ್ನುತ್ತಿದ್ದ.

ಈ ಹುಚ್ಚಿನಲ್ಲಿ ಅವನಿಗೊಬ್ಬ ಜೊತೆಗಾರ ಸಿಕ್ಕಿದ್ದೂ ಬಸ್ಸಿನಲ್ಲೇ. ಅನಂತಪುರದ ಮುರಗೆಪ್ಪ, ದ್ರಾಕ್ಷಿ ತೋಟದ ಸಾಹುಕಾರ. ತೊಡೆಯ ಮೇಲೆ ಸಿಡಿ ಡಬ್ಬಿಗಳ ಗಂಟನ್ನು ಮೊಮ್ಮಗನನ್ನು ಕೂರಿಸಿಕೊಂಡಂತೆ ಕೂರಿಸಿಕೊಂಡು ಬಂದಿದ್ದ. ಟಿಕೆಟ್ ಹರಿಯುವುದು ಬಿಟ್ಟು ಜ್ಞಾನದೇವ ಅಲ್ಲೇ ನಿಂತ. ಅಂದಿನಿಂದ ಇಬ್ಬರದೂ ವಾದ. ಮುರಗೆಪ್ಪನಿಗೆ ಡಬ್ಬಿಯ ಹೆಸರು ಬರೆದ ಸಪೂರ ಬೆನ್ನೇ ಮುಖ್ಯ. ಷೋಕೇಸಿನಲ್ಲಿ ನಿಲ್ಲಿಸಿದರೆ ಕಾಣುವುದು ಅದೊಂದೇ. ಅದರಲ್ಲೂ ಕವರು ಮಾಡುವ ಒಬ್ಬ ಅಕ್ಷರವನ್ನು ಮೇಲಿಂದ ಇಳಿಸಿದರೆ ಇನ್ನೊಬ್ಬ ಕೆಳಗಿಂದ ಹತ್ತಿಸುತ್ತಾನೆ.

"ಒಂದ ಓದಾಕ ಈ ಕಡಿ ಕುತ್ತಿಗಿ, ಇನ್ನೊಂದ ಓದಾಕ ಆ ಕಡಿ ಕುತ್ತಿಗಿ. ಬಂದ ಬೀಗರು ನಾ ಏನ ನೃತ್ಯಾ ಮಾಡಾಕತ್ತೀನಿ ಅಂತಾರ" ಎಂದು ಮುರಗೆಪ್ಪ ಗೊಣಗುತ್ತಿದ್ದ.

"ಬೆನ್ನ ಬಿಡ್ರಿ ಅಣ್ಣಾರ. ಮಾರಿ ನೋಡ್ರಿ. ಮಾರಿ ಸುಳ್ಳ ಹೇಳಬಾರದು" ಅನ್ನುವುದು ಜ್ಞಾನದೇವನ ಪಟ್ಟು.

ಮುಖದ ಬಗೆಗಿನ ಈ ಪಟ್ಟಿಗೆ ಕಾರಣವಿತ್ತು. ಆ ಕಾಲದ ಕವರು ನೋಡಿದವರಿಗೆ ಗೊತ್ತು. ಮುಂದುಗಡೆ ದುಡ್ಡು ಹಾಕಿದವನ ಮುಖ ತಾಟಿನಷ್ಟು ದೊಡ್ಡದಾಗಿ, ಕೊರಳಲ್ಲಿ ಹಾರ ಸಮೇತ. ಪಕ್ಕದಲ್ಲಿ ಆ ಹಾಡಿಗೆ ಸಂಬಂಧವೇ ಇಲ್ಲದ ಯಾವಳೋ ಸಿನಿಮಾ ನಟಿ. ಗಂಟಲು ಹರಿದುಕೊಂಡು ಹಾಡಿದವರು ಹಿಂಬದಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, 'ಮತ್ತು ಸಂಗಡಿಗರು'. ಊರಿಗೂರೇ ಇದನ್ನು ಕೊಂಡಿತು, ಹಾಡಿದವರ ಮುಖವೆಲ್ಲಿ ಎಂದು ಒಬ್ಬನೂ ಕೇಳಲಿಲ್ಲ.

ಅಂಥ ರಾಶಿಯಲ್ಲಿ ಜ್ಞಾನದೇವನ ಲೆಕ್ಕಕ್ಕೆ ಒಂದೇ ಒಂದು ಪ್ರಾಮಾಣಿಕ ಕವರು: 'ಹಂದರದ ಹಾಡು'. ನಿಪ್ಪಾಣಿಯಲ್ಲಿ ತಯಾರಾದ ಮದುವೆ ಪದಗಳ ವಿಸಿಡಿ. ತುಂಬ ಅರಿಷಿಣದ ಬಣ್ಣ, ನಡುವೆ ಸಾದಾ ಸೀರೆಯ ಒಬ್ಬ ಹೆಣ್ಣುಮಗಳು. ನಟಿಯಲ್ಲ. ನೋಡುವವರನ್ನು ನೋಡುತ್ತಿಲ್ಲ, ಓರೆಗಣ್ಣಲ್ಲಿ ಬೇರೆ ಎತ್ತಲೋ ನೋಡಿ ತುಟಿಯಂಚಲ್ಲಿ ನಗುತ್ತಿದ್ದಾಳೆ. "ಹಾಡಿಗೆ ಕಿವಿ ಕೊಟ್ಟಾಳ್ರಿ ಆಕಿ. ಹಾಡೂ ಮಂದಿ ಹಂಗ ನೋಡತಾರ" ಎಂದು ಜ್ಞಾನದೇವ ವಿವರಿಸುತ್ತಿದ್ದ. ಅವಳ ಎಡಭುಜದ ಮೇಲೊಂದು ಕಂದು ಕಲೆ. ಅದೇನು ಅನ್ನುವುದರ ಮೇಲೆ ಇಬ್ಬರೂ ವರ್ಷಗಟ್ಟಲೆ ಗುದ್ದಾಡಿದ್ದರು. ಡೊಳ್ಳಿನ ಅಂಚು ಎಂದು ಜ್ಞಾನದೇವ, ಛಾಪಖಾನೆಯವನ ಮಸಿ ಕೈ ಎಂದು ಮುರಗೆಪ್ಪ.

ಜ್ಞಾನದೇವನ ನೇಮವೊಂದಿತ್ತು. ಯಾವುದೇ ಸಿಡಿ ಇಷ್ಟವಾದರೆ ಎರಡು ಕೊಳ್ಳುವುದು, ಕೇಳಲಿಕ್ಕೊಂದು, ಇಡಲಿಕ್ಕೊಂದು. ಇಡುವುದರ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಹರಿಯುವ ಹಾಗಿಲ್ಲ. 'ಹಂದರದ ಹಾಡು' ಅಂಗಡಿಯಲ್ಲಿ ಒಂದೇ ಉಳಿದಿತ್ತು. ಹೀಗಾಗಿ ಅದು ಸೀಲು ಒಡೆಯದೆ ಕಪಾಟಿನ ಮೇಲಿನ ಅಂಕಣ ಸೇರಿತು. ಅದರ ಕಲರ್ ಝೆರಾಕ್ಸನ್ನು ಮಾತ್ರ ತನ್ನ ಟಿಕೆಟ್ ಚೀಲದಲ್ಲಿ ಇಟ್ಟುಕೊಂಡು ಕಂಡಕಂಡವರಿಗೆ ತೋರಿಸುತ್ತಿದ್ದ.

ಎರಡು ಸಾವಿರದ ಹದಿಮೂರರ ಒಂದು ಸಂಜೆ. ನಿಪ್ಪಾಣಿಯ ತಂಬಾಕು ವಖಾರಿಗಳು, ಅಂದರೆ ಗೋದಾಮುಗಳು, ಬಿಟ್ಟಿದ್ದವು. ಕೆಲಸದ ಹೆಂಗಸರು ಬೋರಗಾಂವದ ಬಸ್ಸು ಹತ್ತಿದರೆ ಅರ್ಧ ಬಸ್ಸು ಸೀನುತ್ತದೆ. ಕಂಡಕ್ಟರ್ ಸೀಟಿನ ಪಕ್ಕ ನಿಂತಿದ್ದ ಒಬ್ಬಾಕೆ ಜ್ಞಾನದೇವನ ಚೀಲದಿಂದ ಇಣುಕುತ್ತಿದ್ದ ಝೆರಾಕ್ಸ್ ನೋಡಿದಳು.

"ಸಾಹೇಬ್ರ, ಈಕಿ ನಿಮ್ಮ ಮನಿಯಾಕೇನ್ರಿ?"

"ಅಲ್ರಿ ಅಕ್ಕಾರ. ಹಂದರದ ಹಾಡು ಅಂತ ಸಿಡಿ ಬಂದಿತ್ತಲ್ಲ, ಅದನ್ನ ಹಾಡಿದಾಕಿ."

"ಅದನ್ನ ಹಾಡಿದಾಕಿ ನಾನ ಅದೀನಲ್ರಿ."

ಹಿಂದೆ ನಿಂತ ಇನ್ನೊಬ್ಬ ಕೆಲಸದಾಕೆ, "ಹೌದ್ರಿ, ಬಸ್ ಹೊಡಿಯಾಕಿ ನಾನು" ಅಂದಳು. ಬಸ್ಸು ನಕ್ಕಿತು. ಈಕೆ ನಗಲಿಲ್ಲ. ಮೂಗಿಗೆ ಕಟ್ಟಿದ್ದ ಅರಿವೆ ಕೆಳಗಿಳಿಸಿ, ಹಂದರಕ್ಕೆ ಹಾಲಗಂಬ ತರುವ ಅಣ್ಣನ ಮೇಲೊಂದು ನುಡಿ ಹಾಡಿದಳು. ದನಿ ತಂಬಾಕಿನ ಧೂಳು ತಿಂದು ಒಡೆದಿತ್ತು, ಆದರೂ ಸೀಟಿನವರೆಲ್ಲ ತಿರುಗಿ ಕೂತರು.

"ಈಗರ ಗುರುತ ಹತ್ತಿತೇನ್ರಿ?"

ಜ್ಞಾನದೇವ ಝೆರಾಕ್ಸನ್ನು ಚೀಲದೊಳಗೆ ತಳ್ಳಿದ. ಆ ನುಡಿ ಡಬ್ಬಿಯೊಳಗೆ ಇದೆಯೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಒಂಬತ್ತು ವರ್ಷ ಎಲ್ಲಕ್ಕಿಂತ ಮೇಲಿನ ಅಂಕಣದಲ್ಲಿಟ್ಟು ಹೊಗಳಿದ್ದ ಹಾಡನ್ನು ಅವನು ಒಮ್ಮೆಯೂ ಕೇಳಿರಲಿಲ್ಲ.

"ನಂದು ಸೀಲ್ ಒಡದಿಲ್ರಿ" ಅಂದ, ಸಣ್ಣ ದನಿಯಲ್ಲಿ.

"ಒಡದಿಲ್ಲಂದ್ರ? ಹೊಸಾದ ಐತೇನ್ರಿ ಇನ್ನೂ?" ಆಕೆಯ ಮುಖವೇ ಬದಲಾಯಿತು. "ಒಂದ ಸಲ ಕೇಳಸ್ರಿ ಸಾಹೇಬ್ರ. ಅದರಾಗ ನಮ್ಮವ್ವ ನಕ್ಕಾಳ."

ಆಕೆಯ ಹೆಸರು ಶೇವಂತಾ. ಅವ್ವ ಅಕ್ಕುತಾಯಿ ಅದೇ ವಖಾರಿಯಲ್ಲಿ ದುಡಿದವಳು, ಮಗಳ ಜೊತೆ ಹಾಡಿದವಳು. ಕೊನೆಯ ಪದದಲ್ಲಿ ನುಡಿ ಮರೆತು ನಕ್ಕುಬಿಟ್ಟಿದ್ದಳಂತೆ. ರೆಕಾರ್ಡಿಂಗ್ ಮಾಡುವವನಿಗೆ ಅವಸರ, ಮತ್ತೆ ಹಾಡಿಸಲಿಲ್ಲ, ನಗು ಹಾಗೇ ಉಳಿಯಿತು. ಆ ಅವ್ವ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲೊಂದು ಫೋಟೊ ಕೂಡ ಇಲ್ಲ. ಮನೆಯಲ್ಲಿದ್ದ ಸಿಡಿ ಶೇವಂತಾಳ ಮಕ್ಕಳ ಕೈಗೆ ಸಿಕ್ಕು ಗೀರಿ, ಕೊನೆಯ ಪದದ ಹೊಸ್ತಿಲಿಗೆ ಬಂದು ತೊದಲಿ ನಿಲ್ಲುತ್ತಿತ್ತು.

ಆಕೆ ಬೇಡಿದ್ದು ಒಂದು ಹೆಂಗಸಿನ ನಗು, ಅಷ್ಟೇ. ಆದರೆ ಜ್ಞಾನದೇವನ ಕಣ್ಣ ಮುಂದೆ ಬಂದದ್ದು ಹರಿದ ಪ್ಲಾಸ್ಟಿಕ್ ಹಾಳೆ. "ನಮ್ಮ ದೋಸ್ತನ ಹತ್ರ ಇನ್ನೊಂದೈತ್ರಿ, ಅದನ್ನ ತರಸ್ತೀನಿ" ಅಂದು ತಪ್ಪಿಸಿಕೊಂಡ.

ರಜೆ ಹಾಕಿ ಅನಂತಪುರಕ್ಕೆ ಹೋದ. ಮುರಗೆಪ್ಪ ಷೋಕೇಸಿನಿಂದ 'ಹಂದರದ ಹಾಡು' ತೆಗೆದು, ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಜ್ಞಾನದೇವನ ಕೈಗೆ ಕೊಟ್ಟ. ಡಬ್ಬಿ ಕನ್ನಡಿಯಂತಿತ್ತು. ಹಗುರವಾಗಿತ್ತು.

"ಸಿಡಿ ಎಲ್ಲೈತ್ರಿ ಅಣ್ಣಾರ?"

"ತ್ವಾಟದಾಗ."

"ತ್ವಾಟದಾಗ ಏನ ಮಾಡತೈತ್ರಿ?"

"ಹಕ್ಕಿ ಓಡಸ್ತೈತಿ. ಪೆನ್‌ಡ್ರೈವ್ ಬಂದ ಮ್ಯಾಲ ಸಿಡಿ ಯಾರ ಹಚ್ಚತಾರ? ಡಬ್ಬಿ ನನಗ, ಸಿಡಿ ದ್ರಾಕ್ಷಿಗೆ."

ಇಬ್ಬರೂ ತೋಟದೊಳಗೆ ಹೋದರು. ಸಾಲು ಸಾಲು ಬಳ್ಳಿ, ತಂತಿಗೆ ದಾರ ಕಟ್ಟಿ ಇಳಿಬಿಟ್ಟ ಸಿಡಿಗಳು. ಗಾಳಿ ಬಂದಾಗಲೆಲ್ಲ ಎಲೆಗಳ ಮೇಲೆ ಬೆಳಕಿನ ತುಂಡು ಓಡಾಡುತ್ತಿತ್ತು. ಭಜನೆ ಇತ್ತು, ಡೊಳ್ಳಿನ ಪದ ಇತ್ತು, ಮರಾಠಿ ನಾಟಕ ಇತ್ತು, ಎಲ್ಲ ಬಾಯಿ ಮುಚ್ಚಿಕೊಂಡು ತಿರುಗುತ್ತಿದ್ದವು. ಅರಿಷಿಣ ಬಣ್ಣದ್ದು ಮೂಲೆಯಲ್ಲಿ ಸಿಕ್ಕಿತು. ಬಿಸಿಲಿಗೆ ಬಣ್ಣ ಹಾರಿತ್ತು. ಎತ್ತಿ ಹಿಡಿದರೆ ಅದರೊಳಗಿಂದ ಆಕಾಶ ಕಾಣುತ್ತಿತ್ತು, ಜರಡಿಯೊಳಗಿಂದ ಕಂಡ ಹಾಗೆ.

"ಹಾಡಿದವ್ರ ಕೇಳಾಕತ್ತಾರ್ರಿ" ಎಂದು ಜ್ಞಾನದೇವ ಬಸ್ಸಿನ ಕಥೆ ಹೇಳಿದ.

ಮುರಗೆಪ್ಪ ಸಿಡಿಯನ್ನು ಧೋತರದ ತುದಿಯಿಂದ ಒರೆಸಲು ನೋಡಿ ಕೈಬಿಟ್ಟ. "ಆಕಿ ಹಾಡಿದಾಕಿ ಅಂದ್ರ, ಕವರಿನಾಕಿ ಯಾರಲೇ ಮತ್ತ?"

ಪ್ರಶ್ನೆ ಇಬ್ಬರನ್ನೂ ಕಚ್ಚಿತು. ಕವರು ಮಾಡಿದವನು ನಿಪ್ಪಾಣಿಯ ಸಮಾಧಾನ ಎಂಬ ಹೆಸರಿನವ, ಆಗ ಲಗ್ನಪತ್ರಿಕೆ ಹೊಂದಿಸುವ ಕಂಪ್ಯೂಟರ್ ಅಂಗಡಿಯವ, ಈಗ ಫ್ಲೆಕ್ಸ್ ಬ್ಯಾನರಿನವ. ಅವನಲ್ಲಿ ಮೂಲ ಪ್ರತಿ ಇದ್ದರೂ ಇರಬಹುದೆಂದು ಜ್ಞಾನದೇವ ಮರುದಿನ ಹೋದ. ಮೂಲ ಪ್ರತಿ ಇರಲಿಲ್ಲ. ಸಿಡಿ ತೆಗೆಸಿದವನು ಬೋರ್‌ವೆಲ್ ಗಾಡಿ ಕೊಂಡು ಊರು ಬಿಟ್ಟಿದ್ದ. ಜ್ಞಾನದೇವ ಝೆರಾಕ್ಸ್ ಮುಂದಿಟ್ಟ.

"ಈ ಅಕ್ಕಾರ ಯಾರ್ರಿ?"

"ಯಾರಿಗ ಗೊತ್ತು ಮಾರಾಯಾ. ಚಿಕ್ಕೋಡಿ ಒಂದ ಫೋಟೊ ಸ್ಟುಡಿಯೊದಾಗ ಮದವಿ ಅಲ್ಬಮ್ ಬಿದ್ದಿತ್ತು. ಅದರಾಗಿಂದ ಎತ್ತಿದ್ದು. ಸ್ಟುಡಿಯೊನೂ ಮುಚ್ಚೇತಿ ಈಗ."

"ಹಾಡಿದವ್ರ ಫೋಟೊ ಹಾಕೂದು ಬಿಟ್ಟು?"

"ನಾ ಅಂದಿನಿ. ಸಿಡಿ ತಗಸಿದಾವ ಅಂದ, ವಖಾರಿ ಹೆಂಗಸರ ಮಾರಿ ನೋಡಿ ಯಾರ ರೊಕ್ಕಾ ಬಿಚ್ಚತಾರ ಅಂತ." ಸಮಾಧಾನ ಮೌಸ್ ಉರುಳಿಸುತ್ತಲೇ ಇದ್ದ. "ಬಾಜೂಕ ಗಂಡ ನಿಂತಿದ್ದ. ಅವನ್ನ ಕತ್ತರಸಿ ತಗದ್ವಿ. ಹೆಗಲ ಮ್ಯಾಲಿನ ಬೆರಳ ಮಾತ್ರ ಸ್ವಚ್ಛ ಬರಲಿಲ್ಲ. ಅವಸರ ಇತ್ತು."

ಕಂದು ಕಲೆ ಡೊಳ್ಳಲ್ಲ, ಮಸಿಯೂ ಅಲ್ಲ. ಗಂಡನ ಬೆರಳು. ಅವಳು ಕಿವಿ ಕೊಟ್ಟದ್ದು ಹಾಡಿಗಲ್ಲ, ಓರೆಗಣ್ಣಲ್ಲಿ ನೋಡುತ್ತಿದ್ದದ್ದು ಹೊಸ ಗಂಡನನ್ನು. ಹಾಡಿದವಳಿಗೆ ಮುಖ ಕೊಡಲಿಲ್ಲ, ಮುಖ ಕೊಟ್ಟವಳನ್ನು ಕೇಳಲಿಲ್ಲ. ಮಾರಿ ಸುಳ್ಳು ಹೇಳಬಾರದು ಎಂದು ಹತ್ತೂರು ಸಾರಿದವನು ಇಬ್ಬರಿಗೂ ಬಗೆದ ಮೋಸಕ್ಕೆ ಮೊದಲ ಬಹುಮಾನ ಕೊಟ್ಟು ಕೂತಿದ್ದ.

ಮನೆಗೆ ಬಂದು ಕಪಾಟಿನ ಮುಂದೆ ನಿಂತ. ಡಬ್ಬಿ ಇಳಿಸಿದ, ಮತ್ತೆ ಇಟ್ಟ. ಹೆಂಡತಿ ಸರಿತಾ ರೊಟ್ಟಿ ಬಡಿಯುತ್ತ ನೋಡುತ್ತಲೇ ಇದ್ದಳು.

"ಸೀಲ್ ಒಡದ್ರ ಅದು ಬರೇ ಸಿಡಿ ಆಗತೈತಿ" ಅಂದ, ತನಗೆ ತಾನೇ ಹೇಳಿಕೊಂಡವನ ಹಾಗೆ.

"ಈಗೇನೈತಿ ಮತ್ತ, ದೇವ್ರ? ಆಕಿ ಅವ್ವನ್ನ ನಿಮ್ಮ ಕಪಾಟದಾಗ ಕೀಲಿ ಹಾಕಿ ಇಟ್ಟೀರಿ. ಬರಾಕ ಹೇಳ್ರಿ ಐತವಾರ."

ರವಿವಾರ ಮಧ್ಯಾಹ್ನ ಶೇವಂತಾ ಬಂದಳು, ತಲೆ ತೊಯಿಸಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು. ಮುರಗೆಪ್ಪನೂ ಬಂದ, ಕರೆಯದೆ. ಅಷ್ಟು ವರ್ಷದ ಗೆಳೆತನದಲ್ಲಿ ಅವನು ಆ ಓಣಿಗೆ ಕಾಲಿಟ್ಟದ್ದು ಅದೇ ಮೊದಲು. ಜ್ಞಾನದೇವನಿಗೆ ಅವನ ಕಟ್ಟೆಯಾಚೆಯ ಮನೆ ಗೊತ್ತಿರಲಿಲ್ಲ, ಅವನಿಗೆ ಜ್ಞಾನದೇವನ ಹೊಸ್ತಿಲು ಗೊತ್ತಿರಲಿಲ್ಲ. ಯಾಕೆಂದು ಇಬ್ಬರಿಗೂ ಗೊತ್ತಿತ್ತು, ಆಡಿರಲಿಲ್ಲ. ಸರಿತಾ ಚಹಾ ತಂದಿಟ್ಟಳು. ಮುರಗೆಪ್ಪ ಕಪ್ಪನ್ನೊಮ್ಮೆ ನೋಡಿ, ಎತ್ತಿ ಕುಡಿದ.

"ಇನ್ನೊಮ್ಮೆ ವಿಚಾರ ಮಾಡೋ ಕಂಡಕ್ಟರಾ. ಸೀಲ್ ಇದ್ದದ್ದು ಜಿಲ್ಲಾದಾಗ ಇದೊಂದ."

"ಹೂಂ ರಿ" ಅಂದು ಜ್ಞಾನದೇವ ಉಗುರು ಹಾಕಿದ. ಹಳೆಯ ಪ್ಲಾಸ್ಟಿಕ್ ಸದ್ದಿಲ್ಲದೆ ಬಿಚ್ಚಿಕೊಂಡಿತು. ನಡುವಿನ ಹಲ್ಲನ್ನು ಹೆಬ್ಬೆರಳಲ್ಲಿ ಒತ್ತಿ ಸಿಡಿಯನ್ನು ಅಂಚಿನಲ್ಲಿ ಹಿಡಿದೆತ್ತಿದ. ಒಂದು ಗೀರಿಲ್ಲ.

ಪ್ಲೇಯರ್ ಗುರ್ ಎಂದು ತಿರುಗಿತು. ಪರದೆಯ ಮೇಲೆ ಹಾಡಿದವರಿರಲಿಲ್ಲ, ಯಾವುದೋ ಉದ್ಯಾನದಲ್ಲಿ ಬಾಡಿಗೆ ಹುಡುಗಿಯರು ಕೊಡ ಹೊತ್ತು ಕುಣಿಯುತ್ತಿದ್ದರು. ಶೇವಂತಾ ಅದನ್ನು ನೋಡಲಿಲ್ಲ. ಕಣ್ಣು ಮುಚ್ಚಿ ಕೂತಿದ್ದಳು. ಒಂದೊಂದೇ ಪದ ಮುಗಿದು ಕೊನೆಯದು ಬಂತು. ಅವಳ ಎಳೆಯ ದನಿ ನುಡಿ ಎತ್ತಿಕೊಂಡಿತು, ಹಿಂದೆ ದಪ್ಪ ದನಿಯೊಂದು ಸೊಲ್ಲು ಹಿಡಿಯಿತು, ಎರಡು ಹೆಜ್ಜೆ ಬಂದು ತಡವರಿಸಿತು. ಆಮೇಲೆ ನಗು. ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯದೆ ಹೊರಬಿದ್ದ ನಗು. ಹುಡುಗಿಯರು ಕುಣಿಯುತ್ತಲೇ ಇದ್ದರು, ಅವರಿಗೇನು ಗೊತ್ತು.

ಶೇವಂತಾ ಅದೇ ಜಾಗದಲ್ಲಿ ಅದೇ ರೀತಿ ಸೆರಗು ಒತ್ತಿ ನಕ್ಕಳು. ಸರಿತಾ ಮುಖ ಆಚೆ ತಿರುಗಿಸಿದಳು.

"ಇನ್ನೊಮ್ಮೆ ಹಚ್ಚರಿ."

ಹಚ್ಚಿದರು. ಮತ್ತೆ ಹಚ್ಚಿದರು. ಮೂರನೆಯ ಸಲಕ್ಕೆ ಮುರಗೆಪ್ಪ ತೋಟದಲ್ಲಿ ಇನ್ನೂ ತೂಗುತ್ತಿರುವವುಗಳ ಬಗ್ಗೆ ಏನೋ ಹೇಳಹೋಗಿ ಅರ್ಧಕ್ಕೆ ಬಿಟ್ಟ.

ಸಿಡಿಯನ್ನು ಜ್ಞಾನದೇವ ಅವಳಿಗೇ ಕೊಟ್ಟ. ಅವಳು ಅದನ್ನು ಸೆರಗಿನಲ್ಲಿ ಸುತ್ತಲು ಹೋದಾಗ ಮಾತ್ರ ಅವನ ಜೀವ ಹೌಹಾರಿ, "ಡಬ್ಬಿನೂ ಒಯ್ಯಿರಿ ಅಕ್ಕಾರ, ಗೀರು ಬೀಳತಾವ" ಅಂದ.

ಅವಳು ಕವರಿನ ಕಾಗದವನ್ನು ಜಾರಿಸಿ ಹೊರತೆಗೆದಳು. "ಇದು ಬ್ಯಾಡ್ರಿ."

"ನಿಮ್ಮ ಫೋಟೊ ಹಾಕಸಲೇನ್ರಿ ಅದರಾಗ? ಸಮಾಧಾನ ಮಾಡಿ ಕೊಡತಾನ."

"ನನ್ನ ಮಾರಿ ನನಗ ಯಾಕ್ರಿ ಬೇಕ?" ಖಾಲಿ ಗಾಜಿನಂಥ ಮುಚ್ಚಳದೊಳಗೆ ಸಿಡಿ ಹಾಗೇ ಕಾಣುತ್ತಿತ್ತು. ಅವಳು ಕಾಗದದ ಮೇಲಿನ ಭುಜವನ್ನು ಹೆಬ್ಬೆರಳಿನಿಂದ ಸವರಿದಳು. "ಈ ತಂಗಿಗೆ ಗೊತ್ತೈತೇನ್ರಿ, ಇಷ್ಟ ಮಂದಿ ಆಕಿನ್ನ ನೋಡ್ಯಾರಂತ?"

ಜ್ಞಾನದೇವ ಕೈ ಚಾಚಿ ಕಾಗದ ಇಸಿದುಕೊಂಡ.

ಆ ಕಾಗದ ಈಗಲೂ ಜ್ಞಾನದೇವನ ಟಿಕೆಟ್ ಚೀಲದಲ್ಲಿದೆ. ಬಸ್ಸು ಚಿಕ್ಕೋಡಿ ಸ್ಟ್ಯಾಂಡಿಗೆ ಬಂದಾಗ ತೆಗೆಯುತ್ತಾನೆ. ಬಣ್ಣದ ಮಾತಿಲ್ಲ, ಬೆನ್ನಿನ ಮಾತಿಲ್ಲ. ಹತ್ತುವ ಹೆಣ್ಣುಮಕ್ಕಳಿಗೆ ಟಿಕೆಟ್ ಜೊತೆ ಅದನ್ನೂ ಮುಂದೆ ಹಿಡಿಯುತ್ತಾನೆ.

"ಈ ಅಕ್ಕಾರು ಯಾರಂತ ನಿಮಗೇನರ ಗುರುತೈತೇನ್ರಿ? ಒಂದ ಮಾತ ಕೇಳೂದೈತಿ ಅವರ್ನ."