ಹದಿಮೂರು ತಿಂಗಳ ವರ್ಷ

ಹೊಸನಗರದ ಬಸ್ ಸ್ಟ್ಯಾಂಡಿಗೆ ಎದುರಾಗಿ ಕೊಲಂಬೊ ಕನ್ನಪ್ಪನ ಹೋಟೆಲು. ಹೋಟೆಲೆಂದರೆ ಎರಡು ಬೆಂಚು, ಒಂದು ಒಲೆ, ಹೊಗೆ ಹಿಡಿದ ಗೋಡೆ. ಚಾ ಮಾತ್ರ ತಾಲ್ಲೂಕಿನಲ್ಲಿ ಅಂಥದ್ದು ಇನ್ನೊಂದಿಲ್ಲ, ಆದರೆ ಅದರ ಜೊತೆಗೆ ಬೈಗುಳವನ್ನೂ ಕುಡಿಯಬೇಕು. ಸಕ್ಕರೆ ಕಡಿಮೆ ಅಂದವನಿಗೆ "ನಿನ್ನ ಮಾವನ ಮನೆಗೆ ಹೋಗಿ ಕುಡಿ" ಅನ್ನುತ್ತಾನೆ. ಬಸ್ಸಿನ ಹಾರನ್ ಕೇಳಿತೋ, ಕೈಯಲ್ಲಿದ್ದ ಲೋಟ ಹಾಗೇ ಇಟ್ಟು ಬಾಗಿಲಿಗೆ ಬಂದು ನಿಲ್ಲುತ್ತಾನೆ, ಇಳಿಯುವವರೆಲ್ಲ ಇಳಿದು ಮುಗಿಯುವ ತನಕ. "ಎಂತ ಕನ್ನಪ್ಪ, ನಿನ್ನ ರಾಣಿ ಬಂದ್ಲಾ?" ಎಂದು ಕಂಡಕ್ಟರ್ ಹೂವಯ್ಯ ಕೇಳುತ್ತಾನೆ. ಬೆಂಚಿನ ಮೇಲಿದ್ದವರು ನಗುತ್ತಾರೆ. ನಗಲಿ ಬಿಡಿ, ಊರಿಗೆ ನಗುವುದಕ್ಕೆ ಏನಾದರೂ ಬೇಕಲ್ಲ. ಒಳಗಿನದು ಗೊತ್ತಿದ್ದರೆ ಆ ಚಾ ಅವರ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಕನ್ನಪ್ಪನ ಊರು ಕವಲೇದುರ್ಗದ ಬುಡದಲ್ಲಿ. ಗೇಣಿ ಗದ್ದೆ ಮಾಡುವ ಮನೆ. ಅಪ್ಪ ಬೇಗ ಸತ್ತ, ಉಳಿದವರು ತಾಯಿ ಬೆಳ್ಳಮ್ಮ ಮತ್ತು ಅಣ್ಣ ಜಟ್ಟಿಂಗಪ್ಪ. ಹದಿನಾರರ ವಯಸ್ಸಿನಲ್ಲಿ ಅಣ್ಣ ಬಾರುಕೋಲಿನಿಂದ ಬಾರಿಸಿದನೆಂದು ಸಿಟ್ಟು ಮಾಡಿಕೊಂಡು ಕನ್ನಪ್ಪ ಸಾಗರಕ್ಕೆ ಹೋಗಿ ರೈಲು ಹತ್ತಿದ. ಮದ್ರಾಸಿನಲ್ಲಿ ಪಾತ್ರೆ ತೊಳೆದ. ಅಲ್ಲಿಂದ ಹೋಟೆಲಿನವರ ಬೆನ್ನು ಹಿಡಿದು ಕೊಲಂಬೊ ಸೇರಿದ. ಆಗ ಅಲ್ಲಿ ಬಂದವರನ್ನು ಹೋದವರನ್ನು ಅಷ್ಟಾಗಿ ಕೇಳುತ್ತಿರಲಿಲ್ಲ. ಆಮೇಲೆ ಕೇಳತೊಡಗಿದರು, ಇವನಿಗೂ ಅಲ್ಲಿರುವುದಕ್ಕೆ ಒಂದು ಪರ್ಮಿಟ್ ಕೊಟ್ಟರು. ಅಷ್ಟರಲ್ಲಿ ಅಲ್ಲಿಯವಳೇ ಆದ ಪುಷ್ಪಳನ್ನು ಮದುವೆಯಾಗಿದ್ದ, ಒಂದು ಹೆಣ್ಣು ಮಗುವಾಗಿತ್ತು. ಮಗುವಿಗೆ ತನ್ನ ಅವ್ವನ ಹೆಸರೇ ಇಟ್ಟ, ಬೆಳ್ಳಮ್ಮ ಎಂದು. ಊರಿಗೆ ಅಪರೂಪಕ್ಕೆ ಬರೆಯುತ್ತಿದ್ದ ಕಾಗದದಲ್ಲಿ ಹೆಂಡತಿಯ ಸುದ್ದಿಯೂ ಇಲ್ಲ, ಮಗಳ ಸುದ್ದಿಯೂ ಇಲ್ಲ. ಜಾತಿ ಯಾವುದು ಎಂದು ಕೇಳಿದರೆ ಏನು ಹೇಳುವುದು ಎಂಬ ಹೆದರಿಕೆ. ಊರು ಬಿಡುವ ಧೈರ್ಯ ಇದ್ದವನಿಗೆ ಊರಿಗೆ ನಾಲ್ಕು ಸಾಲು ಬರೆಯುವ ಧೈರ್ಯ ಇರಲಿಲ್ಲ, ನೋಡಿ.

ಅರವತ್ತೊಂದರ ಜನವರಿಯಲ್ಲಿ ತಾಯಿಗೆ ಜೋರಾಗಿದೆ ಎಂದು ತಂತಿ ಬಂತು. ಪರ್ಮಿಟ್ ಕಚೇರಿಯಲ್ಲಿ ಪಾಸ್‌ಪೋರ್ಟಿಗೆ ವಾಪಸು ಬರುವುದಕ್ಕೆ ಒಪ್ಪಿಗೆಯ ಮೊಹರು ಒತ್ತಿ, ಬಿಡಿಸಿ ಹೇಳಿದರು: ಮುಂದಿನ ಜನವರಿ ಹತ್ತೊಂಬತ್ತರೊಳಗೆ ಈ ನೆಲಕ್ಕೆ ಕಾಲಿಟ್ಟರೆ ಸರಿ. ಒಂದು ದಿನ ದಾಟಿದರೂ ಪರ್ಮಿಟ್ ಹೋಯಿತು, ಮತ್ತೆ ಹೊಸಬನ ಹಾಗೆ ಅರ್ಜಿ, ಹೊಸಬರಿಗೆ ಬಾಗಿಲು ಮುಚ್ಚಿದೆ. "ಒಂದು ವರ್ಷ ಯಾರಿಗೆ ಬೇಕು, ತಿಂಗಳಲ್ಲಿ ಬರ್ತೀನಿ" ಎಂದು ಹೆಂಡತಿಗೆ ಹೇಳಿ ಹೊರಟ.

ಮನೆ ಮುಟ್ಟಿದಾಗ ಬೆಳ್ಳಮ್ಮನಿಗೆ ಜೀವ ಇತ್ತು, ಗುರುತು ಇರಲಿಲ್ಲ. ಮಗ ಪಕ್ಕದಲ್ಲೇ ಕೂತು ಕೈ ಹಿಡಿದಿದ್ದರೆ ಅವಳು "ಬಸ್ಸು ಬಂತನಾ?" ಎಂದು ಅವನನ್ನೇ ಕೇಳಿದಳು. ಮಾರನೇ ದಿನ, ರಥಸಪ್ತಮಿಯ ಬೆಳಿಗ್ಗೆ, ಹೋದಳು.

ಅಪ್ಪನ ಕಾರ್ಯ ಹಿರಿಮಗನದು, ಅವ್ವನ ಕಾರ್ಯ ಕಿರಿಮಗನದು ಎಂಬುದು ಆ ಮನೆಯ ಪದ್ಧತಿ. ಕೊಳ್ಳಿ ಇಟ್ಟವನು ಕನ್ನಪ್ಪ. ಇಟ್ಟವನು ವರ್ಷದ ತಿಥಿ ಮುಗಿಯುವ ತನಕ ಸಮುದ್ರ ದಾಟಬಾರದು. ಅಣ್ಣನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದು ಎಲ್ಲ ಹೇಳಿದ: ಅಲ್ಲಿ ಹೆಂಡತಿ ಇದ್ದಾಳೆ, ಮಗಳಿದ್ದಾಳೆ, ಮೊಹರು ಇಂಥ ದಿನಕ್ಕೆ ಮುಗಿಯುತ್ತದೆ. ಮಗಳ ಹೆಸರೊಂದನ್ನು ಹೇಳಲಿಲ್ಲ. ಅವ್ವನ ಚಿತೆ ಆರಿಲ್ಲ, ಅವಳ ಹೆಸರನ್ನು ಯಾವಳೋ ಹೆತ್ತ ಮಗುವಿಗೆ ಇಟ್ಟೆಯಾ ಎಂದುಬಿಟ್ಟರೆ?

ಜಟ್ಟಿಂಗಪ್ಪ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಎಲೆಗೆ ಸುಣ್ಣ ಹಚ್ಚುತ್ತಾ ನಿಧಾನಕ್ಕೆ ಹೇಳಿದ.

"ನಮ್ಮ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಗಿಡ್ಡ ಮಾರಾಯ. ಹತ್ತು ಹನ್ನೊಂದು ದಿನ ಮುಂಚೇನೇ ಬತ್ತದೆ. ಸಂಕ್ರಾಂತಿ ಹೊತ್ತಿಗೆ ಅವ್ವನ ಎಡೆ ಮುಗಿಸಿ ಹೊರಟ್ರೆ ನಿನ್ನ ಗಡುವಿನೊಳಗೆ ಹೋಗ್ತೀಯ."

ಸುಳ್ಳಲ್ಲ, ಅದೇ ತಮಾಷೆ. ಮಾಮೂಲಿ ವರ್ಷಕ್ಕೆ ಅದು ನಿಜವೇ. ಕನ್ನಪ್ಪ ಸಮಾಧಾನವಾಗಿ ಗಡ್ಡ ಬಿಟ್ಟು, ಅಣ್ಣನ ಗದ್ದೆಯಲ್ಲಿ ಎತ್ತಿನ ಹಾಗೆ ದುಡಿದ. ಆ ಬೇಸಿಗೆಯಲ್ಲಿ ಅಧಿಕ ಜ್ಯೇಷ್ಠ ಬಂತು, ಮದುವೆಗಳೆಲ್ಲ ನಿಂತವು. ಊಟ ತಪ್ಪಿತಲ್ಲ ಎಂದು ಇವನೂ ಹಲ್ಲು ಕಿರಿದ. ಹದಿನಾಲ್ಕು ವರ್ಷ ಗೋಡೆಗೆ ತೂಗುಹಾಕಿದ ಇಂಗ್ಲಿಷ್ ಕ್ಯಾಲೆಂಡರ್ ನೋಡಿ ಬದುಕಿದ ಗುಗ್ಗುವಿಗೆ, ಆ ಹೆಚ್ಚಿನ ತಿಂಗಳು ಅವ್ವನ ತಿಥಿಯನ್ನೂ ಮುಂದಕ್ಕೆ ತಳ್ಳುತ್ತದೆ ಎಂದು ಹೊಳೆಯಲೇ ಇಲ್ಲ. ಅಣ್ಣನಿಗೆ ಹೊಳೆದಿತ್ತು. ಯುಗಾದಿಯ ದಿನ ಪಂಚಾಂಗ ಓದಿದಾಗಲೇ ಹೊಳೆದಿತ್ತು.

ದೀಪಾವಳಿ ಕಳೆದ ಮೇಲೆ ಜಟ್ಟಿಂಗಪ್ಪ ಒಬ್ಬನೇ ತೀರ್ಥಹಳ್ಳಿಗೆ ಹೋಗಿ, ಕಾರ್ಯ ಮಾಡಿಸುವ ವಿಘ್ನೇಶ್ವರ ಭಟ್ಟರನ್ನು ಕಂಡು ಬಂದ. ಬಂದವನು ಕಾಲು ತೊಳೆಯುತ್ತಾ ಹೇಳಿದ.

"ಫೆಬ್ರವರಿಗೆ ಹೋತು ಕಣೋ. ಅಧಿಕ ಬಂತಲ್ಲ."

ಕನ್ನಪ್ಪ ಬೆರಳು ಮಡಿಸಿ ತಿಂಗಳು ಎಣಿಸಿದ. "ಮುಂಚೆ ಮಾಡಕ್ಕಾಗಲ್ವಾ ಅಣ್ಣಾ?"

"ಕೇಳ್ದೆ. ಆಗಲ್ಲ ಅಂದ್ರು."

ಮನೆಯ ಹಿರಿಯ ಕೇಳಿಕೊಂಡು ಬಂದ ಮೇಲೆ ಕಿರಿಯ ಮತ್ತೆ ಹೋಗಿ ಕೇಳುವಂತಿಲ್ಲ. ಕೇಳಿದರೆ ಅಣ್ಣ ಸುಳ್ಳುಗಾರ ಎಂದು ಊರಿಗೆ ಸಾರಿದ ಹಾಗೆ. ಕನ್ನಪ್ಪ ಕೇಳಲಿಲ್ಲ. ಕೊಲಂಬೊದ ಕಚೇರಿಗೆ ಬರೆದು ಎರಡು ತಿಂಗಳು ಹೆಚ್ಚು ಕೊಡಿ ಎಂದು ಬೇಡಿಕೊಂಡ. ಗಡುವು ಗಡುವೇ ಎಂದು ಉತ್ತರ ಬಂತು. ಪುಷ್ಪಳ ಕಾಗದವೂ ಬಂತು, ಮಗಳು ದಿನಾ ಅಪ್ಪ ಎಲ್ಲಿ ಎಂದು ಕೇಳುತ್ತಾಳೆ ಎಂದು.

ಗಡುವಿಗೆ ನಾಲ್ಕೈದು ದಿನ ಇರುವಾಗ ತಡೆಯಲಾಗದೆ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೇಬಿಟ್ಟ. ಅಂಗಳದಾಚೆ, ದನ ನುಗ್ಗದಂತೆ ಬೇಲಿಗೆ ಅಡ್ಡ ಬಿದಿರು ಹಾಕಿದ ದಣಪೆಯ ಹತ್ತಿರ ಅಣ್ಣ ನಿಂತಿದ್ದ.

"ಇಲ್ಲೇ ಅವ್ವ ನಿಲ್ತಿದ್ದಿದ್ದು" ಎಂದ ಜಟ್ಟಿಂಗಪ್ಪ. "ದಿನಾ ಬಸ್ಸು ಬರೋ ಹೊತ್ತಿಗೆ. ಕತ್ತಲಾದ್ಮೇಲೆ ನಾನೇ ಕೈ ಹಿಡಿದು ಒಳಗೆ ಕರ್ಕೊಂಡು ಹೋಗ್ಬೇಕಿತ್ತು. ನೀ ಹೋಗೋದಾದ್ರೆ ಹೋಗು, ನಾ ಹಿಡಿಯಲ್ಲ. ಅವಳಿಗೆ ವರ್ಷದ ಅನ್ನ ಇಡೋರು ಇಲ್ಲ ಅಂತ ತಿಳ್ಕಳ್ತೀನಿ."

ಬಸ್ಸು ಬಂತು, ನಿಂತಿತು, ಹೋಯಿತು. ಕನ್ನಪ್ಪ ದಣಪೆಯ ಒಳಗೇ ಇದ್ದ.

"ಚೀಲ ಒಳಗಿಡು" ಎಂದ ಅಣ್ಣ.

ಫೆಬ್ರವರಿಯಲ್ಲಿ ಎಂಟು ಗ್ರಹ ಒಂದೇ ಮನೆಗೆ ಕೂಡಿ ಪ್ರಳಯ ಆಗುತ್ತದೆಂದು ದೇಶವೆಲ್ಲ ನಡುಗುತ್ತಿತ್ತು. ಆಗಿ ಹೋಗಲಿ ಎಂದು ಹರಕೆ ಹೊತ್ತವನು ಸೀಮೆಗೆಲ್ಲ ಇವನೊಬ್ಬನೇ ಇರಬೇಕು. ಆಗಲಿಲ್ಲ. ರಥಸಪ್ತಮಿಯ ದಿನ ಕ್ರಮವಾಗಿ ಎಡೆ ಇಟ್ಟು, ಗಡ್ಡ ತೆಗೆಸಿ, ಇಂಥ ದಿನ ಬರುತ್ತೇನೆ ಎಂದು ಹೆಂಡತಿಗೆ ಮೊದಲೇ ಬರೆದಿದ್ದ ಲೆಕ್ಕಕ್ಕೆ ಸರಿಯಾಗಿ ಧನುಷ್ಕೋಟಿ ಮುಟ್ಟಿದ. ಕೈಕಾಲು ಹಿಡಿದರೆ ಬಿಟ್ಟಾರು ಎಂಬ ಆಸೆ. ಹಡಗಿನ ಕಟ್ಟೆಯಲ್ಲಿ ಕೂತ ಅಧಿಕಾರಿ ಮೊಹರು ನೋಡಿ ಆಗದು ಎಂದು ತಲೆಯಾಡಿಸಿದ. ತಾಯಿ ಸತ್ತಳು ಎಂದ ಕನ್ನಪ್ಪ. ಯಾವಾಗ ಎಂದು ಕೇಳಿದ ಅಧಿಕಾರಿ. ಹೋದ ವರ್ಷ ಎಂದಾಗ ಅವನು ಪಾಸ್‌ಪೋರ್ಟು ವಾಪಸು ತಳ್ಳಿ ಹಿಂದಿನವನನ್ನು ಕರೆದ. ಆಚೆ ದಡದ ತಲೈಮನ್ನಾರಿನಲ್ಲಿ ಪುಷ್ಪ ಮಗಳನ್ನು ಕರೆದುಕೊಂಡು ಬಂದು ಎರಡು ದಿನ ಹಡಗಿನಿಂದ ಇಳಿಯುವವರ ಮುಖ ನೋಡಿದಳಂತೆ. ಆಮೇಲೆ ಅವಳೇ ಬರೆದದ್ದು.

ನೀನಾದರೂ ಇಲ್ಲಿಗೆ ಬಾ ಎಂದು ಇವನು ಬರೆದ. ಅವಳ ಅಣ್ಣಂದಿರು ಕಳಿಸಲಿಲ್ಲ. ಅರ್ಜಿ ಹಾಕಿದ, ತಿರಸ್ಕಾರವಾಯಿತು, ಮತ್ತೆ ಹಾಕಿದ. ತಿಂಗಳಿಗೊಂದು ಬರುತ್ತಿದ್ದ ಕಾಗದಗಳು ವರ್ಷಕ್ಕೊಂದಕ್ಕೆ ಇಳಿದವು. ಅರವತ್ತನಾಲ್ಕರ ಚಂಡಮಾರುತದಲ್ಲಿ ಧನುಷ್ಕೋಟಿಯೇ ಸಮುದ್ರದ ಪಾಲಾಯಿತು. ಆಮೇಲೆ ಕಾಗದವೂ ಇಲ್ಲ. ಕನ್ನಪ್ಪ ಹೊಸನಗರದಲ್ಲಿ ಒಲೆ ಹೂಡಿದ. ಅಣ್ಣನ ಮೇಲೆ ಅವನಿಗೆ ಕೋಪ ಇರಲಿಲ್ಲ. ಅವ್ವನ ಕೆಲಸ ಮಾಡಿದೆನಲ್ಲ, ಅಷ್ಟು ಉಳಿಯಿತು ಎಂದುಕೊಂಡಿದ್ದ, ಪಾಪ.

ಅರವತ್ತಾರರಲ್ಲಿ ಮತ್ತೆ ಅಧಿಕ ಮಾಸ ಬಂತು, ಈ ಸಲ ಶ್ರಾವಣ. ಯಾವುದೋ ಕೆಲಸಕ್ಕೆ ಹೊಸನಗರಕ್ಕೆ ಬಂದಿದ್ದ ವಿಘ್ನೇಶ್ವರ ಭಟ್ಟರು ಹೋಟೆಲಿನ ಬಾಗಿಲಲ್ಲಿ ಬಸ್ಸಿಗೆ ಕಾಯುತ್ತಿದ್ದರು. ಮಿಲಿಟರಿಯಲ್ಲಿದ್ದ ಸುಬ್ಬಪ್ಪ ಅವರ ಹತ್ತಿರ ಗೋಳು ಹೇಳಿಕೊಂಡ, ಅಪ್ಪನ ವರ್ಷಾಂತಿಕ ರಜೆ ಮುಗಿದ ಮೇಲೆ ಬರುತ್ತದೆ ಎಂದು.

"ಅದಕ್ಕೆಂತ ತಲೆಬಿಸಿ" ಎಂದರು ಭಟ್ಟರು. "ತುರ್ತಿದ್ರೆ ಮುಂಚೆ ಮಾಡಬಹುದು. ಶಾಸ್ತ್ರದಲ್ಲಿ ದಾರಿ ಉಂಟು." ಹಾಗೆಂದು ಒಲೆಯ ಕಡೆ ತಿರುಗಿದರು. "ನಿಮ್ಮನೇಲೂ ಹಾಗೇ ಮಾಡಬಹುದಿತ್ತಲ್ಲ ಕನ್ನಪ್ಪ. ನಿನ್ನ ಅಣ್ಣನಿಗೆ ನಾನಾಗೇ ಹೇಳಿದ್ದೆ. ತಮ್ಮನಿಗೆ ಏನೂ ಅವಸರ ಇಲ್ಲ ಅಂದ."

ಹಾಲು ಉಕ್ಕಿ ಒಲೆ ಆರಿತು. ಕನ್ನಪ್ಪ ಹೋಟೆಲನ್ನು ಹಾಗೇ ಬಿಟ್ಟು ಸಿಕ್ಕ ಬಸ್ಸು ಹತ್ತಿದ. ಊರು ಸೇರಿದಾಗ ಸಂಜೆ. ಜಟ್ಟಿಂಗಪ್ಪ ದಣಪೆಗೆ ಹೊಸ ಬಿದಿರು ಕಟ್ಟುತ್ತಿದ್ದ.

"ಭಟ್ರು ಆಗ್ತದೆ ಅಂದಿದ್ರಂತೆ."

ಅಣ್ಣ ತಲೆ ಎತ್ತಲಿಲ್ಲ. ಹಗ್ಗ ಬಿಗಿದ. "ಅಂದಿದ್ರು."

"ಯಾಕೆ ಹೀಗ್ ಮಾಡ್ದೆ?"

"ಅವ್ವ ಹದಿನಾಲ್ಕು ವರ್ಷ ಇಲ್ಲಿ ನಿಂತ್ಲು. ನಿನ್ನೋಳೂ ಸ್ವಲ್ಪ ನಿಂತ್ಕಳ್ಳಿ ಅಂತ."

"ಅವಳೆಂತ ತಪ್ಪು ಮಾಡಿದ್ಲು?"

"ಅವ್ವ ಎಂತ ಮಾಡಿದ್ಲು?"

ಕನ್ನಪ್ಪನಿಗೆ ಹೊಡೆಯಬೇಕೆನಿಸಿತು, ಕೈ ಏಳಲಿಲ್ಲ. ಬಿದಿರಿನ ಮೇಲೆ ಕೈ ಊರಿ ನಿಂತ.

"ಅಲ್ಲಿ ಕಾಯ್ತಿದ್ದದ್ದು ಅವಳೊಬ್ಬಳೇ ಅಲ್ಲ ಅಣ್ಣಾ. ಬೆಳ್ಳಮ್ಮ. ನನ್ನ ಮಗಳಿಗೆ ಅವ್ವನ ಹೆಸರೇ ಇಟ್ಟಿದ್ದೆ."

ಜಟ್ಟಿಂಗಪ್ಪನ ಕೈ ಹಗ್ಗದ ಮೇಲೆ ನಿಂತಿತು. ತಲೆ ಎತ್ತಿ ತಮ್ಮನ ಮುಖ ನೋಡಿದ.

"ಹೆಸರು ಆವತ್ತೇ ಹೇಳಿದ್ರೆ ಕಳಿಸ್ತಿದ್ದೆ ಮಾರಾಯ" ಎಂದ.

ಕೊನೆಯ ಗಂಟು ಹಾಕಿ, ಉಳಿದ ಹಗ್ಗ ಸುತ್ತಿಕೊಂಡು ಒಳಗೆ ಹೋದ. ಆ ಮಾತು ನಿಜವೋ, ಇನ್ನೊಂದು ಪೆಟ್ಟೋ, ಕನ್ನಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಬಸ್ಸು ಬಂದಾಗ ಬಾಗಿಲಿಗೆ ಬಂದು ನಿಲ್ಲುವುದು ಅವನು ಶುರು ಮಾಡಿದ್ದು ಅದರ ಮರುದಿನದಿಂದ.