ಕಪ್ಪು ಪರದೆ ಕೇಳಿದ ಹೆಂಗಸು

ಇಪ್ಪತ್ತೆರಡು ವರ್ಷಗಳ ಹಿಂದೆ ಯಶವಂತಪುರದಲ್ಲಿ, ಒಂದು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕೂತು ನಾನೊಂದು ಸಾಫ್ಟ್‌ವೇರ್ ಬರೆದೆ. ರಕ್ತ ಪರೀಕ್ಷೆ ಮಾಡುವ ಸಣ್ಣ ಲ್ಯಾಬ್‌ಗಳಿಗೆಂದು ಬರೆದದ್ದು. ಮೆಷಿನ್‌ನಿಂದ ಬಂದ ಅಂಕಿಗಳನ್ನು ಅದು ಪರದೆಯ ಮೇಲೆ ಸಾಲಾಗಿ ತೋರಿಸುತ್ತದೆ, ಟೆಕ್ನಿಷಿಯನ್ ನೋಡಿ ಒಪ್ಪಿದರೆ ರಿಪೋರ್ಟ್ ಪ್ರಿಂಟ್ ಆಗುತ್ತದೆ. ಅಷ್ಟೇ ಅದರ ಕೆಲಸ. ಅದನ್ನು ಬರೆದ ಕಂಪ್ಯೂಟರ್ ಭಾಷೆಯಲ್ಲಿ ಈಗ ಯಾರೂ ಬರೆಯುವುದಿಲ್ಲ. ಆದರೂ ಹೆಬ್ಬಾಳದಿಂದ ಯಲಹಂಕದವರೆಗೆ ಹತ್ತಾರು ಲ್ಯಾಬ್‌ಗಳಲ್ಲಿ ಅದು ದಿನಾ ಬೆಳಿಗ್ಗೆ ಎದ್ದು ಕೆಲಸ ಮಾಡುತ್ತದೆ, ನಾನೊಬ್ಬಳೇ ಅದನ್ನು ನೋಡಿಕೊಳ್ಳುತ್ತೇನೆ. ಹೆತ್ತವರಿಗೆ ಹೆಗ್ಗಣ ಮುದ್ದು. ಅದರ ಬಗ್ಗೆ ಯಾರಾದರೂ ಕೊಂಕು ತೆಗೆದರೆ ನನಗೆ ಮೂಗಿನ ತುದಿಯಲ್ಲೇ ಕೋಪ.

ಕೆಲವು ವರ್ಷಗಳಿಂದ ಎಲ್ಲರೂ ಒಂದೇ ರಾಗ ಹಾಡತೊಡಗಿದ್ದರು. "ಮೇಡಂ, ಎಲ್ಲಾ ಆ್ಯಪಲ್ಲೂ ಡಾರ್ಕ್ ಮೋಡ್ ಇದೆ, ನಿಮ್ದರಲ್ಲಿ ಯಾಕಿಲ್ಲ?" ಬಿಳಿ ಪರದೆಯ ಮೇಲೆ ಕಪ್ಪು ಅಕ್ಷರದ ಬದಲು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬೇಕಂತೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದುಕೊಂಡು ನಗುತ್ತಿದ್ದೆ. ನಿಜವಾದ ಕಾರಣ ಬೇರೆ ಇತ್ತು, ಅದನ್ನು ಯಾರಿಗೂ ಹೇಳುತ್ತಿರಲಿಲ್ಲ. ಆ ಕಾಲದಲ್ಲಿ ಪ್ರತಿಯೊಂದು ಬಣ್ಣವನ್ನೂ ಪ್ರೋಗ್ರಾಮಿನ ಒಳಗೆ ಸಿಕ್ಕ ಸಿಕ್ಕ ಕಡೆ ಕೈಯಾರೆ ಬರೆದಿಟ್ಟಿದ್ದೆ. ಎಲ್ಲೆಲ್ಲಿ ಬರೆದಿದ್ದೆ ಎಂಬುದು ನನಗೇ ಮರೆತುಹೋಗಿತ್ತು.

ಕೇಳಿದವರ ಪೈಕಿ ಕೆಂಪಾಪುರದ ಒಂದು ಲ್ಯಾಬ್‌ನ ಟೆಕ್ನಿಷಿಯನ್ ಒಬ್ಬರಿದ್ದರು. ಗದಗ ಕಡೆಯ ಹೆಂಗಸು, ನನಗಿಂತ ಏಳೆಂಟು ವರ್ಷ ಚಿಕ್ಕವರು, ಆ ಕುರ್ಚಿಯಲ್ಲಿ ಹದಿನೆಂಟು ವರ್ಷ ಕೂತವರು. ಅವರು ಡಾರ್ಕ್ ಮೋಡ್ ಎನ್ನುತ್ತಿರಲಿಲ್ಲ. "ಅಕ್ಕಾರ, ಪರದೆ ಒಂದೀಟು ಕರ್ರಗ ಮಾಡಿ ಕೊಡ್ರಿ, ಕಣ್ಣಿಗೆ ಬೆಳಕು ಭಾಳ ಚುಚ್ಚತೈತಿ" ಎಂದು ಮೆಸೇಜು ಹಾಕುತ್ತಿದ್ದರು. ನಾಲ್ಕು ವರ್ಷದಲ್ಲಿ ಐದು ಸಲ ಕೇಳಿದ್ದಾರೆ. ಆಮೇಲೆ ಎಣಿಸಿ ನೋಡಿದೆ. ನಾಲ್ಕು ಸಲ ನಾನು "ನೋಡೋಣ" ಎಂದು ಬರೆದಿದ್ದೆ. ಒಮ್ಮೆ ಮಾತ್ರ, ಮನಸ್ಸು ಸರಿಯಿಲ್ಲದ ದಿನ, "ಮಾನಿಟರಿನ ಬೆಳಕು ಕಡಿಮೆ ಮಾಡಿಕೊಳ್ಳಿ, ಅದಕ್ಕೂ ಸಾಫ್ಟ್‌ವೇರ್ ಬೇಕಾ" ಎಂದು ಬರೆದಿದ್ದೆ.

ಕಳೆದ ವರ್ಷ ಪ್ರಿಂಟರ್ ತೊಂದರೆ ಎಂದು ಅಲ್ಲಿಗೆ ಹೋದೆ. ಅವರ ಮಾನಿಟರಿಗೆ ಹಳೆಯ ಎಕ್ಸ್‌ರೇ ಹಾಳೆಗಳನ್ನು ಟೇಪು ಹಚ್ಚಿ ಅಂಟಿಸಿದ್ದರು. ಯಾರದೋ ಮೊಣಕಾಲು, ಯಾರದೋ ಪಕ್ಕೆಲುಬು, ಅದರ ಹಿಂದೆ ನನ್ನ ಅಂಕಿಗಳು. ಇವರು ಕತ್ತು ಓರೆ ಮಾಡಿಕೊಂಡು, ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋಗಿ ಓದುತ್ತಿದ್ದರು. ಕಣ್ಣಿನ ಒಳಗೆ ಮತ್ತೆ ಮತ್ತೆ ಉರಿಯೂತ ಆಗುವ ಕಾಯಿಲೆಯಂತೆ. ಬಿಳಿ ಬೆಳಕು ಬಿದ್ದರೆ ನೀರು ಸುರಿಯುತ್ತದೆ.

ಲ್ಯಾಬಿನ ಡಾಕ್ಟರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಕೆಟ್ಟವರೇನಲ್ಲ. "ನೋಡಿ ಮೇಡಂ, ರಿಪೋರ್ಟ್ ಕೆಳಗೆ ಸಹಿ ನಂದು. ಈ ಎಕ್ಸ್‌ರೇ ಅಂಟಿಸ್ಕೊಂಡು ಓದೋದೆಲ್ಲ ಆಗಲ್ಲ ಕಣ್ರೀ. ತಿಂಗಳ ಕೊನೆವರೆಗೂ ನೋಡ್ತೀನಿ. ಆಮೇಲೆ ಆ ಸೀಟಿಗೆ ಬೇರೆಯವ್ರನ್ನ ತಗೋತೀನಿ" ಎಂದರು.

ಆ ಟೆಕ್ನಿಷಿಯನ್ ಕುರ್ಚಿ ಉಳಿಯುವುದು ಬಿಡುವುದು ನನ್ನ ಕೈಯಲ್ಲಿದೆ ಎಂದು ನನಗೆ ಗೊತ್ತಾದದ್ದು ಆ ಕೋಣೆಯಲ್ಲಿ. ನಾಚಿಕೆಯಾಯಿತು. ನಾಚಿಕೆಯಾದಾಗ ನಾನು ಅವಸರ ಮಾಡುತ್ತೇನೆ, ಅದು ನನ್ನ ಹುಟ್ಟುಗುಣ. ನಾಲ್ಕೇ ದಿನದಲ್ಲಿ ಕಪ್ಪು ಪರದೆ ಮಾಡಿ, ಸೋಮವಾರ ಬೆಳಿಗ್ಗೆ ಅವರ ಕಂಪ್ಯೂಟರಿಗೆ ಹಾಕಿಕೊಟ್ಟೆ. ಎಕ್ಸ್‌ರೇ ಹಾಳೆ ಕಿತ್ತು, ಕಪ್ಪು ಪರದೆ ನೋಡಿ, ಅವರು ಸಾಲುಗಳನ್ನು ಒಂದೊಂದಾಗಿ ಓದುತ್ತಾ ಹೋದರು. ಆಮೇಲೆ "ಬ್ಯಾಸಗ್ಯಾಗ ಮನಿ ಒಳಗ ಬಂದಂಗ ಆತ್ರಿ" ಎಂದರು. ನಾನು ಬೀಗಿದೆ. ಸುಳ್ಳು ಹೇಳುವುದಿಲ್ಲ, ಮನೆಗೆ ಬರುವಷ್ಟರಲ್ಲಿ ಇನ್ನಿಬ್ಬರು ಲ್ಯಾಬಿನವರಿಗೆ ಫೋನ್ ಮಾಡಿ ಹೇಳಿಕೊಂಡೆ.

ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ಅನ್ನಕ್ಕೆ ಕೂರುವಾಗ ಕೆಂಪಾಪುರದಿಂದ ಅವರ ಫೋನ್ ಬಂತು. ದನಿ ಬಹಳ ತಗ್ಗಿತ್ತು.

"ಅಕ್ಕಾರ, ಪರದೆ ಮ್ಯಾಲ ಇಲ್ಲ. ಕಾಗದದ ಮ್ಯಾಲ ಐತ್ರಿ."

"ಏನು?"

"ಪೊಟ್ಯಾಸಿಯಂ. ಏಳೂ ಪಾಯಿಂಟ್ ಎರಡು."

ನನಗೆ ಆ ಕ್ಷಣವೇ ಎಲ್ಲ ಹೊಳೆಯಿತು. ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕು. ರಕ್ತದಲ್ಲಿ ಪೊಟ್ಯಾಸಿಯಂ ಐದರ ಒಳಗೆ ಇರಬೇಕು, ಏಳು ದಾಟಿದರೆ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು. ಹೆಚ್ಚಾದ ಅಂಕಿಯನ್ನು ನಾನು ಕೆಂಪಿನಲ್ಲಿ, ಕಡಿಮೆಯಾದದ್ದನ್ನು ನೀಲಿಯಲ್ಲಿ ತೋರಿಸಿದ್ದೆ. ಆದರೆ ಜೀವಕ್ಕೇ ಅಪಾಯ ಎನ್ನುವಂಥ ಅಂಕಿಯನ್ನು ದಪ್ಪ ಕಪ್ಪಿನಲ್ಲಿ ಬರೆದಿದ್ದೆ. ಆಗಿನ ಪ್ರಿಂಟರುಗಳಲ್ಲಿ ಕೆಂಪು ಮಸುಕಾಗಿ ಬರುತ್ತಿತ್ತು. ಎಲ್ಲಕ್ಕಿಂತ ಮುಖ್ಯವಾದದ್ದು ಎಲ್ಲಕ್ಕಿಂತ ಗಾಢವಾಗಿ ಕಾಣಲಿ ಎಂಬ ಜಾಣತನ ನನ್ನದು. ಈಗ ಪರದೆ ಕಪ್ಪಾಗಿತ್ತು, ಬೇರೆ ಕಪ್ಪು ಅಕ್ಷರಗಳನ್ನು ಬಿಳಿ ಮಾಡಿದ್ದ ನಾನು ಇದೊಂದನ್ನು ಮರೆತಿದ್ದೆ. ಕಪ್ಪಿನ ಮೇಲೆ ಕಪ್ಪು ಕಾಣುವುದುಂಟೇ? ಸಾಧಾರಣ ಅಂಕಿಗಳೆಲ್ಲ ಚೆನ್ನಾಗಿ ಕಾಣುತ್ತಿದ್ದವು, ಸಾಯಿಸುವಂಥದ್ದು ಮಾತ್ರ ಮಾಯ. ಸಾಫ್ಟ್‌ವೇರ್ ಪರೀಕ್ಷೆಗೆಂದು ನಾನು ಇಟ್ಟುಕೊಂಡಿದ್ದ ಸುಳ್ಳು ರೋಗಿಗೆ ಇಪ್ಪತ್ತೆರಡು ವರ್ಷದಲ್ಲಿ ಸ್ವಲ್ಪ ಸಕ್ಕರೆ ಬಿಟ್ಟರೆ ಬೇರೇನೂ ಬಂದಿರಲಿಲ್ಲ.

ಇದರ ಮೇಲೆ ಆ ಲ್ಯಾಬಿನದೊಂದು ರೂಢಿ. ರಕ್ತ ತೆಗೆಯುವಾಗ ಅದರ ಕಣ ಒಡೆದರೆ ಪೊಟ್ಯಾಸಿಯಂ ಸುಳ್ಳೇ ಏರಿಬಿಡುತ್ತದೆ. ಹಾಗಾಗಿ ಅಂಥ ಸ್ಯಾಂಪಲ್ ಬಂದರೆ ಬೆಳಗಿನ ಪಾಳಿಯವರು ಅಂಕಿಯನ್ನು ಅಳಿಸಿ ಆ ಜಾಗ ಖಾಲಿ ಬಿಡುತ್ತಾರೆ. ಖಾಲಿ ಎಂದರೆ, ನಾಳೆ ಇನ್ನೊಂದು ಸಲ ರಕ್ತ ತೆಗೀರಿ ಎಂದರ್ಥ. ಯಾರೂ ಯಾರನ್ನೂ ಕೇಳುವುದಿಲ್ಲ. ಇವರೂ ಖಾಲಿ ನೋಡಿ, ರಿಜಿಸ್ಟರಿನಲ್ಲಿ 'ನಾಳೆ' ಎಂದು ಬರೆದು ಒಪ್ಪಿಗೆ ಕೊಟ್ಟುಬಿಟ್ಟಿದ್ದರು. ರಿಪೋರ್ಟನ್ನು ಕವರಿಗೆ ಹಾಕುವ ಮುಂಚೆ ಕಾಗದದ ಮೇಲೆ ಇನ್ನೊಮ್ಮೆ ಓದುವುದು ಅವರೊಬ್ಬರ ಅಭ್ಯಾಸ. ಆ ಅಭ್ಯಾಸ ಇಲ್ಲದಿದ್ದರೆ ಅಂದು ನನಗೆ ಫೋನೇ ಬರುತ್ತಿರಲಿಲ್ಲ.

"ರೋಗಿ ಎಲ್ಲಿ?"

"ಕೋಗಿಲು. ವಯಸ್ಸಾದವರು, ಕಿಡ್ನಿ ತ್ರಾಸ ಐತಿ. ಮಗನ ನಂಬರ್ ಕೊಟ್ಟಾರ, ಹತ್ತು ಸಲ ಮಾಡಿದೆ, ಎತ್ತವಲ್ಲ. ರಕ್ತ ತರೋ ನಮ್ಮ ಹುಡುಗ್ರು ಹೆಬ್ಬಾಳ ಫ್ಲೈಓವರ್ ಮ್ಯಾಲ ಸಿಕ್ಕೊಂಡಾರ್ರಿ."

ನನ್ನ ಮನೆ ಅಲ್ಲಾಳಸಂದ್ರ. ಅಲ್ಲಿಂದ ಕೋಗಿಲು ಸ್ಕೂಟರಿನಲ್ಲಿ ಹತ್ತು ನಿಮಿಷ. ವಿಳಾಸ ಕೇಳಿಕೊಂಡು, ತಟ್ಟೆ ಹಾಗೇ ಬಿಟ್ಟು ಹೊರಟೆ. ಆ ಹತ್ತು ನಿಮಿಷ ಏನು ಯೋಚಿಸಿದೆ ಎಂದು ಕೇಳಿದರೆ ಹೇಳಲು ಹೇಸಿಗೆಯಾಗುತ್ತದೆ. ಆ ಮುದುಕರ ಬಗ್ಗೆಯಲ್ಲ. ಸೋಮವಾರ ಫೋನ್ ಮಾಡಿ ಜಂಬ ಕೊಚ್ಚಿದ ಇನ್ನಿಬ್ಬರ ಬಗ್ಗೆ ಯೋಚಿಸುತ್ತಿದ್ದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಅಂಟಿಕೊಂಡ ಹಳೇ ಊರಿನ ಬೀದಿ. ಬಾಗಿಲಲ್ಲಿ ಅವರ ಹೆಂಡತಿ ಸಿಕ್ಕರು, ಕೈಯಲ್ಲಿ ದೊಡ್ಡ ಲೋಟ. ಒಳಗೆ ಮಂಚದ ಮೇಲೆ ಯಜಮಾನರು ಗೋಡೆ ಕಡೆ ತಿರುಗಿ ಮಲಗಿದ್ದರು.

"ಆಸ್ಪತ್ರೆ ಯಾಕಮ್ಮ?" ಎಂದರು ಆಕೆ. "ಒಸಿ ಸುಸ್ತು ಅಂತ ಮನಗವ್ರೆ. ಇಂಗೇ ಆಯ್ತಾ ಇರ್ತದೆ. ಕೈಕಾಲು ಸೋಲ್ತವೆ ಅಂದ್ರು, ಎಳನೀರು ಕುಡಿಸ್ತಾ ಇವ್ನಿ."

ಬೀದಿಗೆ ಬಂದಾಗ ಮತ್ತೆ ಹಚ್ಚಿದ ಫೋನನ್ನು ನಾನು ಕಿವಿಯಿಂದ ತೆಗೆದಿರಲಿಲ್ಲ. ಎಳನೀರು ಎಂಬ ಮಾತು ಕೇಳಿದ್ದೇ ಆ ಕಡೆಯಿಂದ ಟೆಕ್ನಿಷಿಯನ್ ದನಿ ಏರಿತು. "ಬ್ಯಾಡ ಅನ್ರಿ ಅಕ್ಕಾರ. ಎಳನೀರಿನಾಗೂ ಪೊಟ್ಯಾಸಿಯಂ ಇರತೈತಿ. ಹನಿ ಸೈತ ಕುಡಸಬ್ಯಾಡ ಅನ್ರಿ."

ನಾನು ಲೋಟಕ್ಕೆ ಕೈ ಹಾಕಿದೆ. ಆಕೆ ಬಿಡಲಿಲ್ಲ. ಗುರುತಿಲ್ಲದವಳು ಮನೆಗೆ ನುಗ್ಗಿ ಗಂಡನ ಬಾಯಿಂದ ಎಳನೀರು ಕಸಿದರೆ ಯಾರು ತಾನೇ ಬಿಟ್ಟಾರು? "ನೀವ್ಯಾರು, ಡಾಕ್ಟ್ರಾ?" ಎಂದು ಕೇಳಿದರು.

"ಅಲ್ಲಮ್ಮ. ಲ್ಯಾಬಿನ ಕಂಪ್ಯೂಟರ್ ನೋಡ್ಕೊಳ್ಳೋಳು. ನನ್ನಿಂದ ಒಂದು ತಪ್ಪಾಗಿದೆ. ಬೈಯೋದಿದ್ರೆ ಆಮೇಲೆ ಬೈರಿ, ಈಗ ಇವ್ರನ್ನ ಕರ್ಕೊಂಡು ಹೋಗ್ಬೇಕು."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಲೋಟ ಕೆಳಗಿಟ್ಟು, ಗಂಡನ ಅಂಗಿ ತರಲು ಒಳಗೆ ಹೋದರು. ಬೀದಿಯ ಕೊನೆಯಲ್ಲಿ ಆಟೋ ಸಿಕ್ಕಿತು. ಆಸ್ಪತ್ರೆಯಲ್ಲಿ ಎದೆಗೆ ತಂತಿ ಹಚ್ಚಿ ಗೆರೆ ನೋಡಿದ ಡ್ಯೂಟಿ ಡಾಕ್ಟರು ಕೂಡಲೇ ಮಂಚದ ಸುತ್ತ ಪರದೆ ಎಳೆದರು. ನಾವಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತೆವು. ನಾಲ್ಕು ಗಂಟೆಗೆ ಡಾಕ್ಟರು ಹೊರಬಂದು, "ಅಪಾಯ ಇಲ್ಲ, ಡಯಾಲಿಸಿಸ್ ಮಾಡ್ತಿದೀವಿ, ನಾಳೆವರೆಗೂ ಕಾದಿದ್ರೆ ಕಷ್ಟ ಆಗ್ತಿತ್ತು" ಎಂದರು. ಆಕೆ ಅತ್ತರು, ನನಗೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಮಾರನೆಯ ಬೆಳಿಗ್ಗೆ ಲ್ಯಾಬಿನ ಡಾಕ್ಟರ ಕೋಣೆಯಲ್ಲಿ ಮೂವರೂ ಸೇರಿದೆವು. ನಾನು ಬಾಯಿ ಬಿಡುವ ಮುಂಚೆಯೇ ಟೆಕ್ನಿಷಿಯನ್ ಹೇಳಿದರು: "ತಪ್ಪು ನಂದ್ರಿ ಸರ್. ಖಾಲಿ ಕಂಡಾಗ ಮುಂಜಾನಿ ಪಾಳಿಯವರಿಗೆ ಒಂದ್ ಮಾತು ಕೇಳಬೇಕಿತ್ತು. ಕರ್ರಗ ಮಾಡಿಕೊಡ್ರಿ ಅಂದಾಕಿನೂ ನಾನ."

ಡಾಕ್ಟರು ನನ್ನ ಕಡೆ ನೋಡಿದರು. ಆಗ ನಾನು ಸುಮ್ಮನಿದ್ದೆ. ಒಂದು ಉಸಿರಿನಷ್ಟು ಹೊತ್ತು ಇರಬಹುದು, ಆದರೆ ಇದ್ದದ್ದು ನಿಜ. ಆ ಉಸಿರಿನಲ್ಲಿ ಅವರ ಕುರ್ಚಿಯೂ ನನ್ನ ಹೆಸರೂ ತಕ್ಕಡಿಯಲ್ಲಿದ್ದವು, ನಾನು ತೂಗಿ ನೋಡುತ್ತಿದ್ದೆ. ಆಮೇಲೆ ಹೇಳಿದೆ, ತಪ್ಪು ಪೂರ್ತಿ ನನ್ನದು, ಅವರು ಕಾಗದ ಓದದಿದ್ದರೆ ಮನುಷ್ಯ ಉಳಿಯುತ್ತಿರಲಿಲ್ಲ ಎಂದು.

"ಸರಿ," ಎಂದರು ಡಾಕ್ಟರು. "ಇನ್ನೆಲ್ಲೂ ಇಂಥದ್ದು ಇಲ್ಲ ಅಂತ ಬರ್ದು ಸಹಿ ಹಾಕಿ ಕೊಡ್ತೀರಾ?"

ಕೊಡಲಾಗಲಿಲ್ಲ. ಅದೊಂದು ಬಣ್ಣ ಸರಿಮಾಡಲು ಅರ್ಧ ಗಂಟೆ ಸಾಕಿತ್ತು, ಆದರೆ ಉಳಿದವು ಎಲ್ಲೆಲ್ಲಿ ಅಡಗಿವೆಯೋ ಬರೆದವಳಿಗೇ ಗೊತ್ತಿರಲಿಲ್ಲ. "ಹಾಗಾದ್ರೆ ಈಗ್ಲೇ ಬಿಳಿ ಮಾಡಿ. ತಿಂಗಳ ಕೊನೆಗೆ ಇನ್ನೂ ಹದಿಮೂರು ದಿನ ಇದೆ" ಎಂದರು. ಆಕೆಯ ಕುರ್ಚಿಯಲ್ಲಿ ಕೂತು, ಆಕೆ ಪಕ್ಕದಲ್ಲಿ ನಿಂತಿರುವಾಗ, ನನ್ನ ಕೈಯಾರೆ ಪರದೆಯನ್ನು ಮತ್ತೆ ಬಿಳಿ ಮಾಡಿದೆ. ಬೆಳಕು ಬಿದ್ದ ತಕ್ಷಣ ಅವರು ಸೆರಗು ತೆಗೆದು ಕಣ್ಣೊರೆಸಿಕೊಂಡರು. ಅಳುತ್ತಿರಲಿಲ್ಲ, ಬರೀ ನೀರು.

ಒಂಬತ್ತು ದಿನ ನಾನು ಬೇರೆ ಕೆಲಸ ಮುಟ್ಟಲಿಲ್ಲ. ಸಾಲು ಸಾಲು ಓದಿ ಬಣ್ಣ ಹುಡುಕಿದೆ. ಹುಡುಕಿದಷ್ಟೂ ನನ್ನ ಹಳೇ ಜಾಣತನ ಕೈಗೆ ಸಿಗುತ್ತಿತ್ತು, ಒಂದೊಂದು ಸಿಕ್ಕಾಗಲೂ ನನಗೇ ಬೈದುಕೊಂಡೆ. ಹತ್ತನೆಯ ದಿನ ಭಾನುವಾರ. ಮಧ್ಯಾಹ್ನ ಅವರನ್ನು ಮನೆಗೆ ಕರೆದೆ. ನನಗೆ ಸಾಫ್ಟ್‌ವೇರ್ ಗೊತ್ತು, ಕಾಯಿಲೆ ಗೊತ್ತಿಲ್ಲ. ಕೆಟ್ಟ ಅಂಕಿಗಳನ್ನು ಬಲ್ಲವರು ಅವರು.

ಅವರು ಕಣ್ಣು ಮುಚ್ಚಿಕೊಂಡು ಕುರ್ಚಿಗೆ ಒರಗಿ ಹೇಳುತ್ತಾ ಹೋದರು. "ಬರಕೋರಿ. ಹಿಮೋಗ್ಲೋಬಿನ್ ಮೂರೂ ಪಾಯಿಂಟ್ ಒಂದು, ಬಸುರಿ ಹೆಣಮಗಳು. ಸೋಡಿಯಂ ನೂರಾ ಎಂಟು, ಆಟೋ ಓಡಸಾವ. ಪ್ಲೇಟ್ಲೆಟ್ ಆರು ಸಾವಿರ, ಡೆಂಗಿ, ಸಾಲಿ ಹುಡುಗಿ." ಹದಿನೆಂಟು ವರ್ಷ ಕಂಡ ಎಲ್ಲ ಅಂಕಿಗಳೂ ಅವರ ತಲೆಯಲ್ಲಿ ಮನುಷ್ಯರಾಗಿಯೇ ಇದ್ದವು. ನಾನು ಟೈಪಿಸುತ್ತಾ ಹೋದೆ. ಹಾಗೆ ಇನ್ನೂ ಮೂರು ಕಡೆ ಅಂಕಿ ಕಾಣೆಯಾಯಿತು. ಮೂರನ್ನೂ ಅವರ ಮುಂದೆಯೇ ಸರಿಮಾಡಿದೆ. ಸಂಜೆ ಐದಕ್ಕೆ ಅವರು ಹೇಳುವುದು ಮುಗಿಯಿತು, ನಾನು ಕಾಗದದ ಮೇಲೆ ಸಹಿ ಹಾಕಿದೆ. ಡಾಕ್ಟರು ಒಪ್ಪುತ್ತಾರೆಂದು ಇಬ್ಬರಿಗೂ ಗೊತ್ತಿತ್ತು, ಒಪ್ಪಿದರು ಕೂಡ.

ಹೊರಡುವ ಮುಂಚೆ ಅವರನ್ನು ಕಪ್ಪು ಪರದೆಯ ಮುಂದೆ ಕೂರಿಸಿದೆ. ಅದೇ ಹಳೇ ರೀತಿ ಕತ್ತು ಎಡಕ್ಕೆ ಓರೆ ಮಾಡಿಕೊಂಡು ಓದಿದರು. ಬೆಳಕಿನ ತೊಂದರೆ ಹೋದ ಮೇಲೂ ಯಾಕೆ ಹೀಗೆ ಓದುತ್ತಾರೆ ಎಂದು ನನಗೆ ಕಸಿವಿಸಿ. "ಎರಡೂ ಕಣ್ಣಿಗೆ ಆರಾಮಾಗಿ ಕಾಣ್ತಿದೆಯಾ, ನೋಡಿ ಹೇಳಿ" ಎಂದೆ.

"ಎರಡು ಎಲ್ಲಿಂದ ತರ್ಲಿ ಅಕ್ಕಾರ?" ಎಂದರು ಪರದೆಯಿಂದ ಮುಖ ತೆಗೆಯದೆ. "ಎಡಗಣ್ಣು ಹೋಗಿ ಒಂದೂವರಿ ವರ್ಷ ಆತು. ಸರ್‌ಗೆ ಹೇಳಬ್ಯಾಡ್ರಿ. ಬಲಗಣ್ಣು ಛಲೋ ಐತಿ."

ಕಣ್ಣು ಹೋದದ್ದು ಕಾಯಿಲೆಯಿಂದ, ಬೆಳಕಿನಿಂದಲ್ಲ ಎಂದು ನಾನು ಕೇಳದಿದ್ದರೂ ಅವರೇ ಹೇಳಿದರು. ಕಣ್ಣಿನ ಡಾಕ್ಟರು ಹಾಗಂದಿದ್ದಾರಂತೆ. ನನಗೆ ಸಮಾಧಾನವಾಗಲಿ ಎಂದು ಹೇಳಿದ್ದು ಗೊತ್ತಾಗುತ್ತಿತ್ತು, ಅದಕ್ಕೇ ಇನ್ನಷ್ಟು ಸಂಕಟವಾಯಿತು. ಅವರು ಚಪ್ಪಲಿ ಮೆಟ್ಟಿಕೊಂಡು ಬಾಗಿಲು ದಾಟುವಾಗ ನಾನು, ಮೊದಲ ಸಲ ಕಪ್ಪು ಪರದೆ ಕೇಳಿದಾಗ ಕಣ್ಣು ಹೇಗಿತ್ತು ಎಂದು ಕೇಳಿಬಿಟ್ಟೆ.

"ಆವಾಗ ಎರಡೂ ಇದ್ವು ರೀ" ಎಂದು ಹೇಳಿ, ಬಸ್ ಹೋದೀತು ಎಂದು ಬೇಗ ಬೇಗ ಮೆಟ್ಟಿಲಿಳಿದರು.